ತೋಳಿನ ಮೇಲೊಂದು ತೇರು: ಗೆಳೆಯನಿಗೊಂದು ಪತ್ರ

ಪ್ರೀತಿಯ ಮಂಜು,

ನೀನು ಕಳಿಸಿದ ಫೋಟೋಗಳು ಸಿಕ್ಕಿದವು. ನಿಮ್ಮಜ್ಜಿಯ ಮುಂಗೈ ಮೇಲಿನ ಹಚ್ಚೆ, ಅವ್ವನ ಕಪ್ಪು ಚಂದ್ರಕಾಳಿ ಸೀರೆಯ ಕಸೂತಿ ತೇರು, ಜಪಾನಿನ ಚಿತ್ರಕಾರ ಹೊಕುಸಾಯಿಯ ಆ ದೊಡ್ಡ ಅಲೆ, ಕೊನೆಗೆ ಅಜ್ಜಿಯ ಮುಖ. "ಇವನ್ನೆಲ್ಲ ಸೇರಿಸಿ ಎಡಗೈಗೆ ಒಂದು ಟ್ಯಾಟೂ ಬರೆದುಕೊಡು" ಅಂತ ಒಂದೇ ಸಾಲು ಬರೆದು ಆರಾಮಾಗಿ ಕೂತಿದ್ದೀಯ. ಇಂಥದ್ದನ್ನೇ ಕೇಳುವವರು ಈಗ ಜಾಸ್ತಿ ಆಗಿದ್ದಾರೆ. ಅದಕ್ಕೇ ನಿನಗೆ ಬರೆದದ್ದನ್ನು ಎಲ್ಲರೂ ಓದಲಿ ಅಂತ ಇಲ್ಲೇ ಹಾಕುತ್ತಿದ್ದೇನೆ. ಬೈಕೋಬೇಡ.

ಮೊದಲೇ ಹೇಳಿಬಿಡುತ್ತೇನೆ, ಅಜ್ಜಿಯ ಮುಖ ಬೇಡ. ಫೋಟೋದ ಹಾಗೆ ಕಾಣುವ ಟ್ಯಾಟೂ ನಿಂತಿರುವುದೇ ನೆರಳಿನ ಮೇಲೆ. ಅದರಲ್ಲಿ ಗೆರೆಯೇ ಇರುವುದಿಲ್ಲ, ಬೂದು ಬಣ್ಣ ಮೆಲ್ಲಗೆ ಕಪ್ಪಿಗೆ ತಿರುಗುತ್ತದೆ ಅಷ್ಟೇ. ಕಸೂತಿಯಲ್ಲಿ ಇರುವುದೆಲ್ಲ ಗೆರೆ, ನೆರಳಿಗೆ ಜಾಗವೇ ಇಲ್ಲ. ಎರಡನ್ನೂ ಪಕ್ಕಪಕ್ಕ ಇಟ್ಟರೆ ನೋಡುವವರ ಕಣ್ಣು ಸೀದಾ ಮುಖಕ್ಕೇ ಹೋಗುತ್ತದೆ. ಅವ್ವನ ತೇರು ಬರೀ ಅಂಚಿನ ಅಲಂಕಾರ ಆಗಿಬಿಡುತ್ತದೆ. ಮೇಲಾಗಿ ಅಷ್ಟು ಚಿಕ್ಕ ಜಾಗದಲ್ಲಿ ಬರೆದ ಮುಖದ ಕಣ್ಣು, ತುಟಿ ಕೆಲವು ವರ್ಷಕ್ಕೆ ಕಲೆಸಿಹೋಗುತ್ತವೆ. ಅಜ್ಜಿ ಹೇಗೂ ಅವರ ಹಚ್ಚೆಯಲ್ಲಿ ನಿನ್ನ ಜೊತೆ ಇರುತ್ತಾರೆ. ಮುಖದ ಫೋಟೋಕ್ಕೆ ಒಳ್ಳೆಯ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕು.

ಉಳಿದದ್ದು ಮೂರು. ಶೈಲಿಗಳನ್ನು ಬೆರೆಸಬಾರದು ಅನ್ನುವವನು ನಾನಲ್ಲ. ನೀನು ಕಳಿಸಿದ ಆ ಅಲೆಯೇ ಬೆರಕೆ. 1831ರ ಸುಮಾರಿಗೆ ಹೊಕುಸಾಯಿ ಅದನ್ನು ಮರದ ಅಚ್ಚಿಗೆ ಬರೆದಾಗ ಬಳಸಿದ ನೀಲಿ ಯುರೋಪಿನಲ್ಲಿ ಹುಟ್ಟಿದ ಪ್ರಷ್ಯನ್ ನೀಲಿ. ದೂರದ ಫುಜಿ ಬೆಟ್ಟ ಅಷ್ಟು ಚಿಕ್ಕದಾಗಿ, ಅಷ್ಟು ಕೆಳಗೆ ಕಾಣುವ ಹಾಗೆ ಬರೆದದ್ದೂ ಯುರೋಪಿನ ಚಿತ್ರಗಳನ್ನು ನೋಡಿ ಕಲಿತ ಲೆಕ್ಕ. ಜಪಾನಿನ ಟ್ಯಾಟೂ ಕತೆಯೂ ಅಷ್ಟೇ. ಚೀನಾದ ಹಳೆಯ ಕತೆಯೊಂದರ 108 ವೀರರನ್ನು ಕುನಿಯೋಶಿ ಎಂಬ ಚಿತ್ರಕಾರ 1827ರಿಂದ ಅಚ್ಚು ಚಿತ್ರಗಳಲ್ಲಿ ಬರೆಯತೊಡಗಿದ. ಹಲವು ವೀರರ ಮೈತುಂಬ ಹಚ್ಚೆ ಇತ್ತು. ಅದನ್ನು ನೋಡಿ ಎಡೋ (ಈಗಿನ ಟೋಕಿಯೊ) ಪಟ್ಟಣದ ಜನ ತಮಗೂ ಅದೇ ಬೇಕು ಅಂತ ಶುರುಮಾಡಿದರು. ಮುಂದೆ ಹವಾಯಿಯ ಹೊನೊಲುಲುವಿನ ಟ್ಯಾಟೂಗಾರ ನಾರ್ಮನ್ ಕಾಲಿನ್ಸ್, ಎಲ್ಲರೂ ಸೈಲರ್ ಜೆರ್ರಿ ಅಂತ ಕರೆಯುವವನು, ಜಪಾನಿನ ಹಚ್ಚೆಗಾರರ ಜೊತೆ ಕಾಗದ ಬರೆದು ಬರೆದು ಅವರ ಹಿನ್ನೆಲೆ ಕಟ್ಟುವ ಕ್ರಮವನ್ನು ಹಡಗಿನವರ ದಪ್ಪ ಗೆರೆಯ ಟ್ಯಾಟೂಗೆ ತಂದ. 1973ರಲ್ಲಿ ಎಡ್ ಹಾರ್ಡಿ ಎಂಬ ಅಮೆರಿಕದವನು ಜಪಾನಿಗೇ ಹೋಗಿ ಹೊರಿಹಿದೆ ಎಂಬ ಗುರುವಿನ ಹತ್ತಿರ ಕೆಲಸ ಕಲಿತ.

ಇವೆಲ್ಲದರಲ್ಲೂ ನನಗೆ ಕಾಣುವುದು ಒಂದೇ. ಚೆನ್ನಾಗಿ ಬೆರೆತ ಚಿತ್ರದಲ್ಲಿ ಒಂದು ಶೈಲಿ ಮನೆಯ ಯಜಮಾನ, ಮಿಕ್ಕವು ನೆಂಟರು. ನೆಂಟರು ಆ ಮನೆಯ ಊಟ ಉಣ್ಣಬೇಕು. ಜರ್ಮನಿಯ ವುರ್ಟ್ಸ್‌ಬುರ್ಗ್‌ನಲ್ಲಿ ಹುಟ್ಟಿದ ಟ್ರಾಶ್ ಪೋಲ್ಕಾ ಎಂಬ ಶೈಲಿ ಇದೆ. ಅದರಲ್ಲಿ ಫೋಟೋದಂಥ ಚಿತ್ರ, ಕುಂಚದ ಗೀಟು, ಅಚ್ಚಿನ ಅಕ್ಷರ ಎಲ್ಲ ಒಟ್ಟಿಗೆ ಬರುತ್ತವೆ. ನೋಡಿದರೆ ಗಲಾಟೆ ಅನ್ನಿಸುತ್ತದೆ. ಆದರೆ ಬಣ್ಣ ಕಪ್ಪು ಮತ್ತು ಕೆಂಪು ಎರಡೇ. ಆ ಕಟ್ಟು ಇಲ್ಲದಿದ್ದರೆ ಎಲ್ಲ ಚೆಲ್ಲಾಪಿಲ್ಲಿ ಆಗುತ್ತಿತ್ತು.

ನಿನ್ನ ಕೈಯಲ್ಲಿ ಯಜಮಾನಿಕೆ ಕಸೂತಿಗೆ. ಯಾಕೆ ಅಂದ್ರೆ, ಮೂರರಲ್ಲಿ ಬಿಗಿ ಜಾಸ್ತಿ ಇರುವುದು ಅದಕ್ಕೇ. ಅವ್ವ ಹೊಲಿಯುವುದನ್ನು ನೀನು ನೋಡಿದ್ದೀಯ. ಬಟ್ಟೆ ಮೇಲೆ ಪೆನ್ಸಿಲ್ ಗುರುತು ಇಲ್ಲ, ದಾರಕ್ಕೆ ಗಂಟು ಇಲ್ಲ. ಎಳೆ ಎಣಿಸಿ ಸೂಜಿ ಹಾಕುತ್ತಾ ಹೋಗುವುದು. ಕಸೂತಿಯ ಹೊಲಿಗೆ ನಾಲ್ಕು ಥರ. ಗವಂತಿಯಲ್ಲಿ ಹೋಗುವಾಗ ಒಂದು ಬಿಟ್ಟು ಒಂದು ಹೊಲಿಗೆ, ವಾಪಸ್ ಬರುವಾಗ ಬಿಟ್ಟ ಜಾಗ ತುಂಬುತ್ತದೆ. ಬಟ್ಟೆಯ ಎರಡೂ ಕಡೆ ಒಂದೇ ಚಿತ್ರ. ಮುರ್ಗಿ ಮೆಟ್ಟಿಲು ಮೆಟ್ಟಿಲಾಗಿ ಏರುತ್ತದೆ. ನೇಗಿ ನೇಯ್ದ ಹಾಗೆ ಕಾಣುತ್ತದೆ. ಮೆಂತಿ ಅಡ್ಡ ಹೊಲಿಗೆ, ಜಾಗ ತುಂಬಲಿಕ್ಕೆ. (ಗವಂತಿಯನ್ನೇ ಯುರೋಪಿನವರು ಹೋಲ್ಬೈನ್ ಹೊಲಿಗೆ ಅನ್ನುತ್ತಾರೆ. 16ನೇ ಶತಮಾನದ ಚಿತ್ರಕಾರ ಹಾನ್ಸ್ ಹೋಲ್ಬೈನ್ ಬರೆದ ದೊಡ್ಡವರ ಭಾವಚಿತ್ರಗಳಲ್ಲಿ, ಅಂಗಿಯ ಕೊರಳಪಟ್ಟಿ ಮತ್ತು ತೋಳಿನ ಅಂಚಿನಲ್ಲಿ ಅದು ಕಾಣುತ್ತದೆ. ಅವ್ವನಿಗೆ ಹೇಳು, ಖುಷಿಪಡುತ್ತಾಳೆ.)

ಕಸೂತಿಯಲ್ಲಿ ಬರುವುದು ನಿಂತ ಗೆರೆ, ಮಲಗಿದ ಗೆರೆ, ಓರೆ ಗೆರೆ. ಬಾಗಿದ ಗೆರೆ ಇಲ್ಲವೇ ಇಲ್ಲ. ನಿಮ್ಮ ಸೀರೆಯ ತೇರಿನ ಗಾಲಿ ನೋಡು, ಅದೂ ದುಂಡಗಿಲ್ಲ, ಮೂಲೆ ಮೂಲೆ ಇದೆ. ಹೊಕುಸಾಯಿಯ ಅಲೆಯಲ್ಲಿ ನೆಟ್ಟಗಿನ ಗೆರೆ ಹುಡುಕಬೇಕು. ತೇರಿನ ಕೆಳಗೆ ಆ ಅಲೆಯನ್ನು ಹಾಗೇ ಅಂಟಿಸಿದರೆ ಎರಡು ಬೇರೆ ಪುಸ್ತಕದಿಂದ ಕತ್ತರಿಸಿ ತಂದ ಹಾಗೆ ಕಾಣುತ್ತದೆ. ಮೊದಲು ನಾನು ತೇರನ್ನು ಸ್ವಲ್ಪ ಬಾಗಿಸಿ ನೋಡಿದೆ. ಚೆನ್ನಾಗಿರಲಿಲ್ಲ. ಕಸೂತಿಯ ಗತ್ತು ಹೋಗಿ ಮದುವೆ ಕಾರ್ಡಿನ ಚಿತ್ರ ಆಯಿತು. ಹಾಗಾಗಿ ಅಲೆಯನ್ನೇ ಮುರ್ಗಿಗೆ ಇಳಿಸಿದ್ದೇನೆ. ಅಲೆ ಮೆಟ್ಟಿಲು ಹತ್ತಿ ಮೇಲೇಳುತ್ತದೆ, ತುದಿಯಲ್ಲಿ ಮೂರು ಮೆಟ್ಟಿಲು ತಿರುಗಿ ಬೀಳುತ್ತದೆ. ದೂರದಿಂದ ನೋಡಿದರೆ ಬಾಗಿದ ಹಾಗೆಯೇ ಇರುತ್ತದೆ. ಹತ್ತಿರ ಬಂದರೆ ಎಲ್ಲ ಚೌಕ. ಹೊಕುಸಾಯಿಯಿಂದ ತೆಗೆದುಕೊಂಡದ್ದು ಆ ಬೀಳುವ ಭಂಗಿ ಮಾತ್ರ.

ಅಲೆಗೆ ಇನ್ನೊಂದು ಕೆಲಸವೂ ಇದೆ. ಜಪಾನಿ ಹಚ್ಚೆಯಲ್ಲಿ ಮೈಮೇಲಿನ ಬೇರೆ ಬೇರೆ ಚಿತ್ರಗಳನ್ನು ಒಂದುಗೂಡಿಸುವುದು ಹಿಂದಿನ ನೀರು, ಗಾಳಿ, ಮೋಡ. ಅದಕ್ಕೆ ಗಾಕುಬೋರಿ ಅನ್ನುತ್ತಾರೆ. ನಾಳೆ ನಿನಗೆ ಪಕ್ಕದಲ್ಲಿ ಇನ್ನೇನೋ ಹಾಕಿಸಬೇಕು ಅನ್ನಿಸಿದರೆ ಅಲೆಯನ್ನೇ ಆ ಕಡೆ ಎಳೆದುಕೊಂಡು ಹೋಗಬಹುದು.

ಇನ್ನು ಹಚ್ಚೆ. ನಿಮ್ಮಜ್ಜಿಯ ಕೈಮೇಲೆ ತುಳಸಿಕಟ್ಟೆ ಇದೆ, ಅದರ ಕೆಳಗೆ ಐದು ಚುಕ್ಕಿ. ತುಳಸಿಕಟ್ಟೆ ಬಿಟ್ಟಿದ್ದೇನೆ. ತೇರಿನ ಪಕ್ಕ ಅದೂ ಬಂದರೆ ಎರಡು ಕಟ್ಟಡ ಜಗಳಕ್ಕೆ ನಿಂತ ಹಾಗಾಗುತ್ತದೆ. ಚುಕ್ಕಿಗಳನ್ನು ಮಾತ್ರ ಫೋಟೋದಿಂದ ಹಾಗೆ ಹಾಗೇ ಇಳಿಸಿದ್ದೇನೆ. ನಾಲ್ಕನೆಯದು ಸ್ವಲ್ಪ ಕೆಳಗೆ ಜಾರಿದೆ ನೋಡು, ಅದನ್ನೂ ಬಿಟ್ಟಿಲ್ಲ. ಟ್ಯಾಟೂ ಹಾಕುವವರು ಒಳ್ಳೆಯ ಮನಸ್ಸಿನಿಂದಲೇ ಅದನ್ನು ಸಾಲಿಗೆ ತರಲು ನೋಡುತ್ತಾರೆ. ಬಿಡಬೇಡ. ಅಲೆಯ ನೊರೆ ಕೂಡ ಚುಕ್ಕಿಯೇ. ಮೆಟ್ಟಿಲ ತುದಿಯಿಂದ ಒಡೆದು ಚದುರಿ, ಕೊನೆಗೆ ಆ ಐದರ ಹತ್ತಿರ ಬಂದು ನಿಲ್ಲುತ್ತವೆ. ಗೆರೆ ಅವ್ವನದು, ಚುಕ್ಕಿ ಅಜ್ಜಿಯದು, ಓಟ ಹೊಕುಸಾಯಿಯದು. ಒಬ್ಬೊಬ್ಬರಿಂದ ಒಂದೊಂದೇ ಕೆಲಸ ತೆಗೆದುಕೊಂಡಿದ್ದೇನೆ, ಅಷ್ಟೇ.

ಅಜ್ಜಿಗೆ ಹಚ್ಚೆ ಹಾಕಿದ್ದು ಊರಿಗೆ ಬರುತ್ತಿದ್ದ ಕೊರವಂಜಿ ಅಂತ ನೀನೇ ಹೇಳಿದ್ದೆ. ಸೂಜಿಗಳನ್ನು ಒಟ್ಟಿಗೆ ಕಟ್ಟಿ, ದೀಪದ ಮಸಿಯಲ್ಲಿ ಅದ್ದಿ, ಹುಡುಗಿಯರು ಅಳದಿರಲಿ ಅಂತ ಹಾಡು ಹೇಳುತ್ತಾ ಚುಚ್ಚುತ್ತಿದ್ದರು. ಬ್ರಿಟಿಷರು ಇದೇ ಕೊರವರನ್ನು ಹುಟ್ಟು ಅಪರಾಧಿಗಳ ಪಟ್ಟಿಗೆ ಸೇರಿಸಿದ್ದರು. 1871ರಲ್ಲಿ ಬಂದ ಆ ಕಾಯ್ದೆಯನ್ನು ಪೂರ್ತಿ ತೆಗೆದುಹಾಕಿದ್ದು 1952ರಲ್ಲಿ. ನಮ್ಮ ಅಜ್ಜಿಯರ ಕೈಮೇಲಿನ ಚಿತ್ರಗಳ ಕಲಾವಿದೆಯರು ಅವರು, ಹೆಸರು ಮಾತ್ರ ಎಲ್ಲೂ ಉಳಿದಿಲ್ಲ. ಯಾರಾದರೂ "ಇದು ಯಾವ ಟ್ರೈಬಲ್ ಡಿಸೈನ್?" ಅಂತ ಕೇಳಿದರೆ ಇಷ್ಟಾದರೂ ಹೇಳು.

ಇದೇ ಕಾರಣಕ್ಕೆ ನೀನು ಹಿಂದೆ ಕೇಳಿದ್ದ, ನ್ಯೂಜಿಲೆಂಡಿನ ಮೂಲನಿವಾಸಿ ಮಾವೊರಿಗಳ ಸುರುಳಿಗಳಿಗೆ ನಾನು ಒಪ್ಪಿರಲಿಲ್ಲ. ಮೊಕೊ ಎಂಬ ಅವರ ಹಚ್ಚೆಯಲ್ಲಿ ಆ ಮನುಷ್ಯನ ವಂಶ, ಹಿರಿಯರು, ನೆಲ ಎಲ್ಲ ಬರೆದಿರುತ್ತದೆ. ಅದನ್ನು ನೀನು ಹಾಕಿಸಿಕೊಂಡರೆ ಬೇರೆಯವರ ಮನೆತನದ ಕಾಗದಪತ್ರ ಹೊತ್ತು ತಿರುಗಿದ ಹಾಗೆ. ಹೊರಗಿನವರಿಗೆ ಅಂತಲೇ ಅವರು ಮಾಡುವ ವಿನ್ಯಾಸಕ್ಕೆ ಕಿರಿತುಹಿ ಅನ್ನುತ್ತಾರೆ, ಅದು ಬೇರೆ. ಹೊಕುಸಾಯಿಯ ಅಲೆಗೆ ಆ ತೊಡಕು ಇಲ್ಲ. ಅದು ಮೊದಲಿಂದಲೂ ಸಾವಿರಗಟ್ಟಲೆ ಅಚ್ಚು ಹಾಕಿ ಅಂಗಡಿಯಲ್ಲಿ ಮಾರಿದ ಚಿತ್ರ. ಕಾರವಾರದಲ್ಲಿ ದಿನಾ ಸಮುದ್ರ ನೋಡುವ ಬಯಲುಸೀಮೆಯ ಹುಡುಗನಿಗೆ ಒಂದು ಅಲೆ ಬೇಡ ಅನ್ನಲು ನನಗೂ ಮನಸ್ಸಿಲ್ಲ.

ಈಗ ಚರ್ಮದ ಮಾತು. ಕಾಗದದ ಮೇಲೆ ಚಂದ ಕಂಡದ್ದೆಲ್ಲ ಅಲ್ಲಿ ನಿಲ್ಲುವುದಿಲ್ಲ. ಶಾಯಿ ಕೂರುವುದು ಚರ್ಮದ ಎರಡನೇ ಪದರದಲ್ಲಿ, ಒಂದೆರಡು ಮಿಲಿಮೀಟರ್ ಆಳದಲ್ಲಿ. ಅಲ್ಲಿನ ರಕ್ಷಣೆಯ ಕೋಶಗಳು ಅದನ್ನು ನುಂಗಿ ಹಿಡಿದಿಟ್ಟುಕೊಳ್ಳುತ್ತವೆ. ಅವು ಸತ್ತಾಗ ಬಿಟ್ಟ ಶಾಯಿಯನ್ನು ಹೊಸ ಕೋಶಗಳು ನುಂಗುತ್ತವೆ. ಫ್ರಾನ್ಸಿನ ವಿಜ್ಞಾನಿಗಳು 2018ರಲ್ಲಿ ಇಲಿಗಳಲ್ಲಿ ಇದನ್ನು ತೋರಿಸಿದರು. ಹೀಗೆ ವರ್ಷ ಕಳೆದ ಹಾಗೆ ಗೆರೆ ಸ್ವಲ್ಪ ಸ್ವಲ್ಪ ಹರಡುತ್ತದೆ. ಸೀರೆಯ ತೇರನ್ನು ಹಾಗೇ ಕುಗ್ಗಿಸಿ ಕೈಗೆ ಹಾಕಿದರೆ ನಿನಗೆ ಐವತ್ತಾಗುವಾಗ ಅದು ಒಂದು ಕಪ್ಪು ಮಚ್ಚೆ. ಅದಕ್ಕೇ ತೇರನ್ನು ಕುಗ್ಗಿಸಿಲ್ಲ, ಅಂತಸ್ತು ಕಡಿಮೆ ಮಾಡಿದ್ದೇನೆ. ಒಂದು ಚೌಕಕ್ಕೆ 3 ಮಿಲಿಮೀಟರ್ ಅಂತ ಲೆಕ್ಕ ಹಿಡಿದಿದ್ದೇನೆ. ಒಳಗಿನ ಮೆಂತಿ ತುಂಬು ಕೆಲಸ ಪೂರ್ತಿ ತೆಗೆದೆ. ಅವ್ವನಿಗೆ ಬೇಜಾರಾಗಬಹುದು, ಆದರೆ ಖಾಲಿ ಜಾಗ ಇದ್ದರೇನೇ ಗೆರೆ ಉಸಿರಾಡುತ್ತದೆ.

ಜಾಗದ ವಿಷಯ ಇನ್ನೂ ಮಜವಾಗಿದೆ. ಕೈ ಚಾಚಿ ಅಂಗೈಯನ್ನು ಮೇಲೆ ಕೆಳಗೆ ಮಾಡಿ ನೋಡು. ಮಣಿಕಟ್ಟಿನ ಹತ್ತಿರ ಚರ್ಮ ಪೂರ್ತಿ ತಿರುಗುತ್ತದೆ. ಮೊಣಕೈ ಹತ್ತಿರ ಅಲುಗುವುದು ಕಡಿಮೆ. ನೆಟ್ಟಗೆ ನಿಲ್ಲಬೇಕಾದ ತೇರು ಮಣಿಕಟ್ಟಿನ ಹತ್ತಿರ ಇದ್ದರೆ ನೀನು ಚಹಾದ ಕಪ್ಪು ಎತ್ತಿದಾಗಲೆಲ್ಲ ತಿರುಚಿಕೊಳ್ಳುತ್ತದೆ. ಅದಕ್ಕೆ ತೇರು ಮೇಲೆ, ಮೊಣಕೈ ಕಡೆ. ಅಲೆ ಕೆಳಗೆ. ಅಲೆ ತಿರುಚಿದರೆ ಯಾರಿಗೇನು, ಅದು ಅಲೆ ತಾನೇ? ತೇರಿನ ಕಳಸ ಮೊಣಕೈ ಕಡೆ ಇರಲಿ. ಕೈ ಇಳಿಬಿಟ್ಟಾಗ ಎದುರಿನವರಿಗೆ ನೆಟ್ಟಗೆ ಕಾಣುತ್ತದೆ. ನಿನಗೆ ತಲೆಕೆಳಗಾಗಿ ಕಾಣುತ್ತದೆ ಅಂತ ತಕರಾರು ತೆಗೆಯುತ್ತೀಯ, ಗೊತ್ತು. ಕನ್ನಡಿ ಇದೆ, ನೋಡಿಕೋ. ಚುಚ್ಚುವ ಮೊದಲು ಡಿಸೈನಿನ ಅಚ್ಚುಹಾಳೆ (ಸ್ಟೆನ್ಸಿಲ್) ಅಂಟಿಸುವಾಗ ಮಾತ್ರ ಕುರ್ಚಿಯ ಕೈಮೇಲೆ ತೋಳು ಚಾಚಿ ಕೂರಬೇಡ. ಎದ್ದು ನಿಂತು, ಕೈ ಸಡಿಲ ಬಿಟ್ಟು ಅಂಟಿಸು ಅನ್ನು. ವಕ್ರ ಅನ್ನಿಸಿದರೆ ಒರೆಸಿ ಮತ್ತೆ ಹಾಕಿಸು. ಅಲ್ಲಿ ಸಂಕೋಚ ಬೇಡ.

ಬಣ್ಣ ಕಪ್ಪೊಂದೇ. ಕಸೂತಿಯ ಕೆಂಪು, ಕಿತ್ತಳೆ, ಹಸಿರು ಎಲ್ಲ ಚಂದ್ರಕಾಳಿಯ ಕಪ್ಪಿನ ಮೇಲೆ ಎದ್ದು ಕಾಣುತ್ತವೆ. ನಮ್ಮ ಕಂದು ಚರ್ಮದಲ್ಲಿ ಶಾಯಿ ಕಾಣುವುದು ಮೇಲಿನ ಪದರದ ಬಣ್ಣವನ್ನು ದಾಟಿಕೊಂಡು. ಹಳದಿ, ತಿಳಿನೀಲಿ ಅಲ್ಲೇ ಮಂಕಾಗಿಬಿಡುತ್ತವೆ. ಕಡು ಕೆಂಪು ನಿಲ್ಲುತ್ತದೆ, ಆದರೆ ಅಲರ್ಜಿ ಜಾಸ್ತಿ ಕಾಣಿಸಿಕೊಳ್ಳುವುದು ಕೆಂಪು ಶಾಯಿಗೇ. ಅಲೆಗೆ ನೀಲಿ ಬೇಕು ಅಂತ ನೀನು ಕೇಳಿದ್ದೆ. ಅಜ್ಜಿಯ ಹಚ್ಚೆ ನೋಡು, ಹಾಕುವಾಗ ಅದು ಕಪ್ಪು ಮಸಿ. ಈಗ ಹಸಿರುನೀಲಿ. ಚರ್ಮದೊಳಗೆ ಬೆಳಕು ಚದುರುವುದರಿಂದ ಆಳದ ಕಪ್ಪು ಹಾಗೆ ಕಾಣುತ್ತದೆ. ಸ್ವಲ್ಪ ವರ್ಷ ತಡೆ, ನಿನ್ನ ಅಲೆಗೂ ಪುಕ್ಕಟೆ ನೀಲಿ ಬರುತ್ತದೆ.

ಹಾಕುವವರನ್ನು ಆರಿಸುವಾಗ ಮೊನ್ನೆ ಮಾಡಿದ ಹೊಳೆಯುವ ಟ್ಯಾಟೂ ಫೋಟೋ ನೋಡಿ ಮರುಳಾಗಬೇಡ. ಗಾಯ ಮಾಗಿ ವರ್ಷ ಕಳೆದದ್ದನ್ನು ತೋರಿಸಿ ಅನ್ನು, ಅದೂ ನೆಟ್ಟಗಿನ ಗೆರೆ ಇರುವಂಥದ್ದು. ನೆಟ್ಟಗಿನ ಗೆರೆ ಎಳೆಯುವುದೇ ಕಷ್ಟ, ನಡುಗಿದರೆ ಮುಚ್ಚಿಡಲು ನೆರಳಿಲ್ಲ. ಗೋವಾ ನಿನಗೆ ಪಕ್ಕದಲ್ಲೇ ಇದೆ, ಆದರೆ ಬೀಚಿನ ಬದಿಯ ಸ್ಟಾಲಿಗೆ ಹೋಗಿ ಕೂರಬೇಡ. ಸೂಜಿಯ ಪೊಟ್ಟಣವನ್ನು ನಿನ್ನ ಕಣ್ಣೆದುರೇ ಒಡೆಯಬೇಕು. ಗೆರೆಗೆ ಮಷೀನ್ ಇರಲಿ. ಚುಕ್ಕಿಗಳನ್ನು ಮಷೀನ್ ಇಲ್ಲದೆ ಕೈಯಲ್ಲೇ ಚುಚ್ಚುವವರು ಸಿಕ್ಕರೆ ಹಾಗೇ ಮಾಡಿಸು, ಒಂದೊಂದು ಚುಕ್ಕಿಯೂ ಒಂದೊಂದು ಥರ ಬರುತ್ತದೆ. ಗಾಯ ಪೂರ್ತಿ ಮಾಗುವ ತನಕ ಸಮುದ್ರಕ್ಕೆ ಇಳಿಯಬೇಡ. ಇನ್ನೊಂದು ಮಾತು, ನೀನು ರಕ್ತ ಕೊಡುವವನು. ಟ್ಯಾಟೂ ಆದಮೇಲೆ ನಮ್ಮಲ್ಲಿ ಒಂದು ವರ್ಷ ರಕ್ತ ತೆಗೆದುಕೊಳ್ಳುವುದಿಲ್ಲ. ಕೊಡುವುದಿದ್ದರೆ ಮೊದಲೇ ಕೊಟ್ಟು ಬಾ.

ಡಿಸೈನನ್ನು ಗ್ರಾಫ್ ಹಾಳೆಯ ಮೇಲೆ ಬರೆದು ಪೋಸ್ಟ್ ಮಾಡಿದ್ದೇನೆ. ಮೊದಲು ಅವ್ವನಿಗೆ ತೋರಿಸು. ಎಡಗಡೆ ಗಾಲಿಯಲ್ಲಿ ಒಂದು ಚೌಕ ಹೆಚ್ಚು ಕಡಿಮೆ ಇದ್ದರೂ ಅವಳ ಕಣ್ಣಿಗೆ ಬೀಳುತ್ತದೆ, ಅವಳು ಹೇಳಿದ ಹಾಗೆ ತಿದ್ದುತ್ತೇನೆ. ಹಾಗೇ ನಿನ್ನ ಮುಂಗೈಯ ಉದ್ದ, ಮಣಿಕಟ್ಟಿನ ಸುತ್ತಳತೆ, ಮೊಣಕೈ ಕೆಳಗಿನ ಸುತ್ತಳತೆ ಟೇಪಿನಲ್ಲಿ ಅಳೆದು ಕಳಿಸು. ಅಂದಾಜಿಗೆ ಹೇಳಬೇಡ.

ಇಂತಿ ನಿನ್ನ,
ಶಿವು