ಪಿಕಪ್ ಕಿಟ್ ಇನ್ನು ಮಾರುವುದಿಲ್ಲ: ನಮ್ಮ ಗ್ರಾಹಕರಿಗೆ ಒಂದು ಪತ್ರ

ಪ್ರಿಯ ಗ್ರಾಹಕರೇ,

ನಮಸ್ಕಾರ. ಬರುವ ಏಪ್ರಿಲ್ 1ರಿಂದ ನಮ್ಮ ಹಾಸನದ ವರ್ಕ್‌ಶಾಪ್‌ನಲ್ಲಿ ಒಂದು ಬದಲಾವಣೆ ಆಗುತ್ತಿದೆ. ಆಟೋಮ್ಯಾಟಿಕ್ ಗಾಡಿಗೆ ಮನೆಯಲ್ಲೇ ಹಾಕಿಕೊಳ್ಳಲು ನೀವು ತರಿಸಿಕೊಳ್ಳುತ್ತಿದ್ದ 'ಪಿಕಪ್ ಕಿಟ್' ಇನ್ನು ಮುಂದೆ ಮಾರುವುದಿಲ್ಲ. ಗಟ್ಟಿ ಸ್ಪ್ರಿಂಗ್‌ಗಳು, ದೊಡ್ಡ ತೂತಿನ ಪ್ಲೇಟ್, ಒಂದಷ್ಟು ಗ್ಯಾಸ್ಕೆಟ್ ಇರುತ್ತಿದ್ದ ಡಬ್ಬಿ ಗೊತ್ತಲ್ಲ, ಅದೇ. ಅದರ ಬದಲು ನಿಮ್ಮ ಗಾಡಿಯ ಚಾಸಿಸ್ ನಂಬರ್ ನೋಡಿ ಕಟ್ಟಿಕೊಡುವ ಆಯಿಲ್-ಫಿಲ್ಟರ್ ಕಿಟ್ ಸಿಗುತ್ತದೆ. ಜೊತೆಗೆ ಗಾಡಿಯ ಕಂಪ್ಯೂಟರ್‌ನಲ್ಲಿ ಇರುವುದನ್ನು ಓದಿ ತೋರಿಸುವ ಸ್ಕ್ಯಾನರ್ ಬಾಡಿಗೆಗೆ ಕೊಡುತ್ತೇವೆ. ಯಾಕೆ ಅಂತ ಫೋನಿನಲ್ಲಿ ಒಬ್ಬೊಬ್ಬರಿಗೂ ಹೇಳುವುದಕ್ಕಿಂತ ಬರೆದುಬಿಡೋಣ ಅನ್ನಿಸಿತು.

ಪಿಕಪ್ ಕಿಟ್ ಕೆಟ್ಟದ್ದೇನಲ್ಲ. ಅದು ಹುಟ್ಟಿದ್ದು ಬೇರೆ ಥರದ ಗೇರ್‌ಬಾಕ್ಸ್‌ಗೆ, ಅಷ್ಟೇ. 1964ರಲ್ಲಿ ಅಮೆರಿಕದ ಜನರಲ್ ಮೋಟರ್ಸ್ ತಂದ ಟರ್ಬೋ ಹೈಡ್ರಮ್ಯಾಟಿಕ್ 400 ಅನ್ನೇ ತೆಗೆದುಕೊಳ್ಳಿ. ಅದರಲ್ಲಿ ಕಂಪ್ಯೂಟರ್ ಇಲ್ಲ. ಯಾವಾಗ ಗೇರ್ ಬದಲಾಗಬೇಕು, ಎಷ್ಟು ಬಿಗಿಯಾಗಿ ಹಿಡಿಯಬೇಕು ಅನ್ನುವುದನ್ನು ಆಯಿಲ್ ಪ್ರೆಶರ್ ಮತ್ತು ಸ್ಪ್ರಿಂಗ್‌ಗಳೇ ತೀರ್ಮಾನ ಮಾಡುತ್ತವೆ. ಒಳಗೆ ಕೂತವರಿಗೆ ಗೊತ್ತೇ ಆಗದ ಹಾಗೆ ಗೇರ್ ಬೀಳಲಿ ಅಂತ ಕಂಪನಿಯವರು ಒಂದು ಕ್ಲಚ್ ಬಿಡುವ ಮೊದಲೇ ಇನ್ನೊಂದು ನಿಧಾನವಾಗಿ ಹಿಡಿಯುವ ಹಾಗೆ ಮಾಡುತ್ತಾರೆ. ಸುಖ ಇದೆ, ಆದರೆ ಆ ಹೊತ್ತಿನಲ್ಲಿ ಕ್ಲಚ್ ಪ್ಲೇಟ್ ಜಾರುತ್ತದೆ, ಬಿಸಿಯಾಗುತ್ತದೆ. ಅಲ್ಲಿನ ಜನ ಮನೆಯ ಶೆಡ್ಡಿನಲ್ಲೇ ಚೇಂಬರ್ (ಗೇರ್‌ಬಾಕ್ಸ್ ತಳದ ಆಯಿಲ್ ತಟ್ಟೆ) ಬಿಚ್ಚಿ ಸ್ಪ್ರಿಂಗ್ ಬದಲಾಯಿಸಿ, ಆಯಿಲ್ ಹಾದುಹೋಗುವ ಪ್ಲೇಟಿನ ತೂತು ದೊಡ್ಡದು ಮಾಡಿ ಆ ಜಾರುವ ಸಮಯ ಕಡಿಮೆ ಮಾಡಿಕೊಂಡರು. ಗೇರ್ ಠಕ್ ಅಂತ ಬೀಳುತ್ತದೆ, ಎಳೆತ ಜಾಸ್ತಿಯಾದ ಹಾಗೆ ಅನ್ನಿಸುತ್ತದೆ, ಕ್ಲಚ್ಚೂ ಬಾಳಿಕೆ ಬರುತ್ತದೆ. ಹಳೇ 4 ಸ್ಪೀಡ್ ಲ್ಯಾಂಡ್ ಕ್ರೂಸರ್ ಥರದ ಗಾಡಿ ಇಟ್ಟುಕೊಂಡವರಿಗೆ ಈಗಲೂ ನಾವು ಈ ಕೆಲಸ ಮಾಡಿಕೊಡುತ್ತೇವೆ. ಆದರೆ ವರ್ಕ್‌ಶಾಪ್‌ನಲ್ಲಿ, ನಮ್ಮ ಕೈಯಲ್ಲಿ.

ಇವತ್ತಿನ 6 ಸ್ಪೀಡ್ ಗೇರ್‌ಬಾಕ್ಸ್ ಹಾಗಲ್ಲ. 2022ರ ಬ್ರೆಝಾ, ಎರ್ಟಿಗಾ, ಇನ್ನೋವಾ ಕ್ರಿಸ್ಟಾ, ಎಲ್ಲದರಲ್ಲೂ ಗೇರ್‌ಬಾಕ್ಸ್‌ಗೆ ಅಂತಲೇ ಒಂದು ಕಂಪ್ಯೂಟರ್ ಇದೆ. ಒಂದೊಂದು ಕ್ಲಚ್ಚಿಗೆ ಆಯಿಲ್ ತುಂಬಲು ಎಷ್ಟು ಹೊತ್ತು ಬೇಕು, ಎಷ್ಟು ಪ್ರೆಶರ್‌ನಲ್ಲಿ ಅದು ಹಿಡಿಯುತ್ತದೆ ಅಂತ ಅದು ಕಲಿಯುತ್ತಲೇ ಇರುತ್ತದೆ. ಪ್ಲೇಟ್ ಸವೆದ ಹಾಗೆ ತನ್ನ ಲೆಕ್ಕವನ್ನು ತಾನೇ ತಿದ್ದಿಕೊಳ್ಳುತ್ತದೆ. ಅಂಥದ್ದಕ್ಕೆ ಗಟ್ಟಿ ಸ್ಪ್ರಿಂಗ್ ಹಾಕಿದರೆ ಏನಾಗುತ್ತದೆ? ಕಲಿತ ಲೆಕ್ಕವೆಲ್ಲ ತಪ್ಪುತ್ತದೆ. ಮೊದಲ ಎರಡು ದಿನ 'ಆಹಾ, ಏನು ಪಿಕಪ್' ಅನ್ನಿಸುತ್ತದೆ. ಆಮೇಲೆ ಕಂಪ್ಯೂಟರ್ ತನ್ನ ಹಳೇ ಮೆತ್ತನೆಯ ಗೇರಿಗೇ ವಾಪಸ್ ತರಲು ಪ್ರೆಶರ್ ಇಳಿಸುತ್ತಾ ಹೋಗುತ್ತದೆ. ಅದಕ್ಕೂ ಒಂದು ಮಿತಿ ಇದೆ. ಅದು ದಾಟಿದರೆ ಫಾಲ್ಟ್ ಕೋಡ್, ಒಂದೇ ಗೇರಿನಲ್ಲಿ ನಿಂತುಬಿಡುವ ಗಾಡಿ, ಟೋಯಿಂಗ್ ಖರ್ಚು. ನಮಗೆ ಬರುವ ಫೋನ್‌ಗಳಲ್ಲಿ ಹೊಸ ಗಾಡಿಯವರದೇ ಜಾಸ್ತಿ ಆಗಿರುವಾಗ, ಹಳೇ ಗಾಡಿಯ ಸಾಮಾನನ್ನು ಪಾರ್ಸೆಲ್ ಮಾಡುತ್ತಾ ಕೂರುವುದು ಸರಿ ಅಲ್ಲ ಅಲ್ವಾ?

ಇನ್ನೊಂದು ಕಾರಣ, 'ಆಟೋಮ್ಯಾಟಿಕ್' ಅಂದರೆ ಈಗ ನಾಲ್ಕು ಥರ: ಎಂಜಿನ್ ಶಕ್ತಿಯನ್ನು ಆಯಿಲ್ ಮೂಲಕ ದಾಟಿಸುವ ಟಾರ್ಕ್ ಕನ್ವರ್ಟರ್, ಗೇರ್ ಬದಲು ಬೆಲ್ಟ್ ಇರುವ ಸಿವಿಟಿ, ಮಾಮೂಲಿ ಗೇರ್‌ಬಾಕ್ಸನ್ನೇ ಯಂತ್ರ ನಡೆಸುವ ಎಎಂಟಿ, ಎರಡು ಕ್ಲಚ್ಚಿನ ಡಿಸಿಟಿ. 2019ರಲ್ಲಿ ಬಂದ ಕಿಯಾ ಸೆಲ್ಟೋಸ್ ನೋಡಿ. 1.5 ಪೆಟ್ರೋಲ್‌ಗೆ ಸಿವಿಟಿ, 1.5 ಡೀಸೆಲ್‌ಗೆ 6 ಸ್ಪೀಡ್ ಟಾರ್ಕ್ ಕನ್ವರ್ಟರ್, 1.4 ಟರ್ಬೋಗೆ 7 ಸ್ಪೀಡ್ ಡಿಸಿಟಿ. ಹೊರಗಿಂದ ಮೂರೂ ಒಂದೇ ಗಾಡಿ. ಒಳಗಿನ ಆಯಿಲ್ ಮೂರಕ್ಕೂ ಬೇರೆ ಬೇರೆ. 'ಸೆಲ್ಟೋಸ್ ಆಟೋಮ್ಯಾಟಿಕ್‌ಗೆ ಒಂದು ಕಿಟ್ ಕಳಿಸಿ' ಅಂದರೆ ನಾವು ಏನು ಅಂತ ಕಳಿಸುವುದು? ಅದಕ್ಕೇ ಇನ್ನು ಆರ್ಡರ್ ಜೊತೆ ಆರ್‌ಸಿಯ ಫೋಟೋ ಕಡ್ಡಾಯ.

ಸಿವಿಟಿ ಇರುವವರಿಗೆ ಒಂದು ಮಾತು ಒತ್ತಿ ಹೇಳಬೇಕು. ಅದರಲ್ಲಿ ಉಕ್ಕಿನ ಬೆಲ್ಟ್ ಎರಡು ಪುಲ್ಲಿಗಳ ನಡುವೆ ಒತ್ತಡದಲ್ಲೇ ಕಚ್ಚಿಕೊಂಡಿರುತ್ತದೆ. ಆ ಹಿಡಿತಕ್ಕೆ ಅಂತಲೇ ಮಾಡಿದ ಆಯಿಲ್ ಬೇಕು. ಹೋಂಡಾದ್ದು ಎಚ್‌ಸಿಎಫ್-2, ನಿಸ್ಸಾನ್‌ದು ಎನ್‌ಎಸ್-3. ಪಕ್ಕದ ಅಂಗಡಿಯ ಮಾಮೂಲಿ ಎಟಿಎಫ್ (ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಆಯಿಲ್) ಸುರಿದರೆ ಬೆಲ್ಟ್ ಜಾರುತ್ತದೆ, ಪುಲ್ಲಿಯ ಮೇಲೆ ಗೀರು ಬೀಳುತ್ತದೆ, ಆಮೇಲೆ ಇಡೀ ಯೂನಿಟ್ಟೇ ಬದಲಾಯಿಸುವ ಮಾತು. ಇನ್ನು, ಆಕ್ಸಿಲರೇಟರ್ ಒತ್ತಿದಾಗ ಮೊದಲು ಶಬ್ದ ಬಂದು ಆಮೇಲೆ ಗಾಡಿ ಓಡುವುದು ಸಿವಿಟಿಯ ಹುಟ್ಟುಗುಣ. ಅದಕ್ಕೆ ನಮ್ಮ ಹತ್ತಿರ ಔಷಧಿ ಇಲ್ಲ, ಯಾರಾದರೂ ಇದೆ ಅಂದರೆ ದುಡ್ಡು ಕೊಡಬೇಡಿ.

ಎಎಂಟಿಯಲ್ಲಿ ಎಟಿಎಫ್ ಇಲ್ಲವೇ ಇಲ್ಲ. 2014ರ ಸೆಲೆರಿಯೋದಿಂದ ನಮ್ಮಲ್ಲಿ ಶುರುವಾದ ಇದು ಮಾಮೂಲಿ ಗೇರ್‌ಬಾಕ್ಸ್ ಮತ್ತು ಮಾಮೂಲಿ ಕ್ಲಚ್. ಒತ್ತುವುದು, ಬಿಡುವುದು ಮಾತ್ರ ಯಂತ್ರದ ಕೆಲಸ. ಶಿರಾಡಿಯಲ್ಲಿ ಲಾರಿಗಳ ಹಿಂದೆ ಏರಿನಲ್ಲಿ ನಿಂತಾಗ ಬ್ರೇಕ್ ಬದಲು ಆಕ್ಸಿಲರೇಟರ್‌ನಲ್ಲೇ ಗಾಡಿ ಹಿಡಿದುಕೊಂಡಿರುತ್ತೀರಲ್ಲ, ಆಗ ಸುಡುವುದು ಕ್ಲಚ್ ಪ್ಲೇಟ್. ಇದಕ್ಕೆ ಬೇಕಾಗುವುದು ಹೊಸ ಪ್ಲೇಟ್, ಆಮೇಲೆ ಸ್ಕ್ಯಾನರ್ ಹಾಕಿ ಕ್ಲಚ್ ಕಲಿಸುವ ಕೆಲಸ. ಎರಡೂ ವರ್ಕ್‌ಶಾಪ್‌ನಲ್ಲೇ ಆಗಬೇಕು.

ಡಿಸಿಟಿ, ಡಿಎಸ್‌ಜಿ (ಫೋಕ್ಸ್‌ವ್ಯಾಗನ್‌ನವರು ಡಿಸಿಟಿಗೆ ಇಟ್ಟ ಹೆಸರು) ಗಾಡಿಗಳಿಗೆ ಟ್ಯೂನಿಂಗ್ ಫೈಲ್, ಅಂದರೆ ಎಂಜಿನ್ ಶಕ್ತಿ ಏರಿಸುವ ಸಾಫ್ಟ್‌ವೇರ್, ತರಿಸಿಕೊಡಿ ಅಂತ ಕೇಳುವವರು ತುಂಬಾ ಜನ. ಅದನ್ನೂ ನಿಲ್ಲಿಸಿದ್ದೇವೆ. ಫೋಕ್ಸ್‌ವ್ಯಾಗನ್ ವರ್ಟಸ್, ಟೈಗುನ್‌ನ 1.5 ಎಂಜಿನ್ ಕೊಡುವ ಟಾರ್ಕ್ (ತಿರುಗಿಸುವ ಬಲ) 250 ನ್ಯೂಟನ್ ಮೀಟರ್. ಅದಕ್ಕೆ ಜೋಡಿಸಿರುವ 7 ಸ್ಪೀಡ್ ಡ್ರೈ ಕ್ಲಚ್ ಗೇರ್‌ಬಾಕ್ಸ್ ತಡೆಯುವ ಮಿತಿಯೂ 250. ಕಂಪನಿಯಿಂದ ಬರುವಾಗಲೇ ಗಡಿಯಲ್ಲಿ ನಿಂತಿದೆ. ಫೈಲ್ ಹಾಕಿ ಅದಕ್ಕಿಂತ ಮೇಲೆ ಎಳೆದರೆ ಜಾರುವುದು ಕ್ಲಚ್, ಹೋಗುವುದು ವಾರಂಟಿ. ಎಂಜಿನ್ ಶಕ್ತಿ ಜಾಸ್ತಿಯಾಯಿತು ಅಂತ ಖುಷಿ ಪಡುವಷ್ಟರಲ್ಲಿ ಗೇರ್‌ಬಾಕ್ಸ್ ಬಿಲ್ ಕೈಗೆ ಬಂದಿರುತ್ತದೆ.

ಹಾಗಾದರೆ ಮನೆಯಲ್ಲಿ ಮಾಡಿಕೊಳ್ಳುವಂಥದ್ದು ಏನೂ ಇಲ್ಲವೇ? ಇದೆ. ಟಾರ್ಕ್ ಕನ್ವರ್ಟರ್ ಗಾಡಿಯವರಿಗಂತೂ ಖಂಡಿತ ಇದೆ. ನಮ್ಮ ಅನುಭವದಲ್ಲಿ 'ಪಿಕಪ್ ಹೋಯ್ತು' ಅಂತ ಬರುವ ಗಾಡಿಗಳಿಗೆ ಹೊಸ ಶಕ್ತಿ ಬೇಕಾಗಿರುವುದಿಲ್ಲ, ಇದ್ದದ್ದು ವಾಪಸ್ ಬಂದರೆ ಸಾಕು. ಮೊದಲು ಬ್ಯಾಟರಿ, ಏರ್ ಫಿಲ್ಟರ್, ಎಂಜಿನ್ ಮೌಂಟ್ (ಎಂಜಿನ್ ಕೂರಿಸಿರುವ ರಬ್ಬರ್) ನೋಡಿಸಿ. ಮೌಂಟ್ ಹರಿದಿದ್ದರೆ ಡಿ ಗೇರಿಗೆ ಹಾಕಿದಾಗ ಬರುವ ಧಡ್ ಶಬ್ದಕ್ಕೆ ಎಲ್ಲರೂ ಸುಮ್ನೆ ಗೇರ್‌ಬಾಕ್ಸನ್ನು ಬೈಯುತ್ತಾರೆ. ಆಮೇಲೆ ಆಯಿಲ್. 'ಲೈಫ್‌ಟೈಮ್ ಆಯಿಲ್, ಬದಲಾಯಿಸುವುದೇ ಬೇಡ' ಅಂತ ಮಾರುವಾಗ ಹೇಳಿರುತ್ತಾರೆ. ಬಿಎಂಡಬ್ಲ್ಯೂ ಥರದ ಗಾಡಿಗಳಿಗೆ ಗೇರ್‌ಬಾಕ್ಸ್ ಮಾಡುವ ಜರ್ಮನಿಯ ಝಡ್‌ಎಫ್ ಕಂಪನಿಯೇ 80,000ದಿಂದ 1,20,000 ಕಿ.ಮೀ. ಒಳಗೆ ಬದಲಾಯಿಸಿ ಅನ್ನುತ್ತದೆ. ಸಕಲೇಶಪುರ, ಮೂಡಿಗೆರೆ ಕಡೆ ಘಾಟಿಯಲ್ಲೇ ಓಡಾಡುವವರು ಅಷ್ಟು ಕೂಡ ಕಾಯಬೇಡಿ.

ಒಂದು ಸಲ ಡ್ರೈನ್ ಮಾಡಿದರೆ ಎಲ್ಲಾ ಆಯಿಲ್ ಇಳಿಯುವುದಿಲ್ಲ. ಟಾರ್ಕ್ ಕನ್ವರ್ಟರ್ ಒಳಗೆ ಬಹಳಷ್ಟು ಉಳಿಯುತ್ತದೆ. ಪ್ರತಿ ಸಲ 40% ಬದಲಾಗುತ್ತದೆ ಅಂದುಕೊಂಡರೂ ಮೂರು ಸಲಕ್ಕೆ ಸುಮಾರು 78% ಹೊಸದಾಗುತ್ತದೆ. ನಡುನಡುವೆ ಕೆಲವು ನೂರು ಕಿ.ಮೀ. ಓಡಿಸಿ. ಮೆಷಿನ್ ಇಟ್ಟು ಪ್ರೆಶರ್‌ನಲ್ಲಿ ಫ್ಲಶ್ ಮಾಡುವುದು, ಅದೂ ಯಾವತ್ತೂ ಆಯಿಲ್ ಬದಲಾಯಿಸದ ಹಳೇ ಗಾಡಿಗೆ, ನಮಗೆ ಇಷ್ಟವಿಲ್ಲ. ಕೂತಿರುವ ಕೊಳೆಯನ್ನೆಲ್ಲ ಎಬ್ಬಿಸಿ ವಾಲ್ವ್‌ಗಳ ಸಂದಿಗೆ ಕಳಿಸಿದ ಹಾಗಾಗುತ್ತದೆ.

ಎಲ್ಲರೂ ಎಡವುವುದು ಆಯಿಲ್ ಲೆವೆಲ್ ನೋಡುವುದರಲ್ಲಿ. ಅದನ್ನು ಸ್ವಲ್ಪ ನಿಧಾನವಾಗಿ ಹೇಳುತ್ತೇವೆ. ಈಗಿನ ಎಷ್ಟೋ ಗೇರ್‌ಬಾಕ್ಸ್‌ಗಳಿಗೆ ಆಯಿಲ್ ಅಳೆಯುವ ಕಡ್ಡಿ (ಡಿಪ್‌ಸ್ಟಿಕ್) ಇಲ್ಲ. ಕೆಳಗೆ ಒಂದು ಲೆವೆಲ್ ಪ್ಲಗ್, ಅದರೊಳಗೆ ಪುಟ್ಟ ಕೊಳವೆ. ಆಯಿಲ್ ಕೊಳವೆಯ ಬಾಯಿಗಿಂತ ಮೇಲಿದ್ದರೆ ಹೊರಗೆ ಸುರಿಯುತ್ತದೆ, ಕೆಳಗಿದ್ದರೆ ಬರುವುದಿಲ್ಲ. ಆದರೆ ಬಿಸಿಯಾದ ಆಯಿಲ್ ಹಿಗ್ಗುತ್ತದಲ್ಲ, ಅದಕ್ಕೇ ಇಷ್ಟೇ ಬಿಸಿಯಲ್ಲಿ ನೋಡಬೇಕು ಅಂತ ಲೆಕ್ಕ ಇದೆ. ಬಹಳ ಗಾಡಿಗಳಲ್ಲಿ ಅದು 35ರಿಂದ 45 ಡಿಗ್ರಿ. ನಿಮ್ಮ ಗಾಡಿಯದು ಎಷ್ಟು ಅಂತ ಕಿಟ್ ಜೊತೆಗಿನ ಹಾಳೆಯಲ್ಲಿ ಬರೆದಿರುತ್ತೇವೆ. ಸ್ಕ್ಯಾನರ್ ಬಾಡಿಗೆಗೆ ಕೊಡುವುದು ಮುಖ್ಯವಾಗಿ ಇದಕ್ಕೇ, ಆಯಿಲ್ ಎಷ್ಟು ಬಿಸಿ ಇದೆ ಅಂತ ಅದರ ಪರದೆಯಲ್ಲಿ ಕಾಣುತ್ತದೆ. 80 ಡಿಗ್ರಿಯಲ್ಲಿ ಪ್ಲಗ್ ಬಿಚ್ಚಿದರೆ ಹಿಗ್ಗಿದ ಆಯಿಲ್ ಬೇಕಾದ್ದಕ್ಕಿಂತ ಜಾಸ್ತಿ ಸುರಿದುಹೋಗುತ್ತದೆ. ತಣ್ಣಗಾದ ಮೇಲೆ ಒಳಗೆ ಕಮ್ಮಿ. ಆಮೇಲೆ ಘಾಟಿಯ ತಿರುವಿನಲ್ಲಿ ಪಂಪ್ ಗಾಳಿ ಎಳೆದು ಗೇರ್ ಜಾರುತ್ತದೆ.

ಗಾಡಿ ನಾಲ್ಕೂ ಕಡೆ ಸಮನಾಗಿರಬೇಕು. ಮುಂದೆ ಮಾತ್ರ ಎತ್ತಿದರೆ ಲೆವೆಲ್ ಸುಳ್ಳು ಹೇಳುತ್ತದೆ. ಗಾಡಿಯ ಜೊತೆ ಬಂದ ಜಾಕ್ ಮೇಲೆ ನಿಲ್ಲಿಸಿ ಕೆಳಗೆ ಹೋಗುವ ಧೈರ್ಯ ಯಾವ ಕಾರಣಕ್ಕೂ ಬೇಡ. ನಾಲ್ಕು ಸ್ಟ್ಯಾಂಡ್ ಅಥವಾ ರ‍್ಯಾಂಪ್ ಇರಲೇಬೇಕು. ಮೊದಲು ತುಂಬುವ ಪ್ಲಗ್ ಬಿಚ್ಚಿ, ಅದು ಬಿಚ್ಚಿತು ಅಂತ ಖಾತ್ರಿಯಾದ ಮೇಲೆ ಕೆಳಗಿನದ್ದು. ಉಲ್ಟಾ ಮಾಡಿ, ಮೇಲಿನದು ತುಕ್ಕು ಹಿಡಿದು ಕೂತಿದ್ದರೆ ಖಾಲಿ ಗೇರ್‌ಬಾಕ್ಸ್ ಇಟ್ಟುಕೊಂಡು ನಮಗೆ ಫೋನ್ ಮಾಡಬೇಕಾಗುತ್ತದೆ. ಇಳಿದ ಆಯಿಲ್ ಅಳೆದು, ಅಷ್ಟೇ ಹೊಸದು ಹಾಕಿ. ಎಂಜಿನ್ ಶುರು ಮಾಡಿ. ಒಬ್ಬರು ಒಳಗೆ ಕೂತು ಬ್ರೇಕ್ ಒತ್ತಿಕೊಂಡು ಪಿ, ಆರ್, ಎನ್, ಡಿ ಎಲ್ಲದರಲ್ಲೂ ಕೆಲವು ಸೆಕೆಂಡ್ ನಿಲ್ಲಿಸಿ ಮತ್ತೆ ಪಿಗೆ ತರಬೇಕು. ಅಲ್ಲಿಯವರೆಗೆ ಇನ್ನೊಬ್ಬರು ಗಾಡಿ ಕೆಳಗೆ ಹೋಗಬಾರದು. ಸ್ಕ್ಯಾನರ್‌ನಲ್ಲಿ ಡಿಗ್ರಿ ಸರಿಬಂದಾಗ, ಎಂಜಿನ್ ಓಡುತ್ತಿರುವಾಗಲೇ ಲೆವೆಲ್ ಪ್ಲಗ್ ತೆಗೆಯಿರಿ. ಮೊದಲು ಸಣ್ಣ ಧಾರೆ ಬರುತ್ತದೆ, ಆಮೇಲೆ ಹನಿ ಹನಿ. ಹನಿಗೆ ಇಳಿದ ಕೂಡಲೇ ಹೊಸ ವಾಷರ್ ಹಾಕಿ ಮುಚ್ಚಿ. ಏನೂ ಬರದಿದ್ದರೆ ಆಯಿಲ್ ಕಮ್ಮಿ ಇದೆ, ಇನ್ನಷ್ಟು ಹಾಕಿ.

ಚೇಂಬರ್ ಬಿಚ್ಚಿದಾಗ ಒಳಗಿನ ಅಯಸ್ಕಾಂತ ನೋಡಿ. ಬೂದು ಬಣ್ಣದ ನುಣ್ಣನೆ ಪೇಸ್ಟ್ ಇದ್ದರೆ ಗಾಬರಿ ಬೇಡ, ಅದು ಮಾಮೂಲಿ ಸವೆತ. ಕೈಗೆ ಚುಚ್ಚುವ ಲೋಹದ ಚೂರು ಇದ್ದರೆ ಹೊಸ ಆಯಿಲ್ ಹಾಕುವ ಮೊದಲು ಫೋಟೋ ಕಳಿಸಿ. ಆಯಿಲ್ ಗುಲಾಬಿ ಮಿಲ್ಕ್‌ಶೇಕ್ ಥರ ಇದ್ದರೆ ರೇಡಿಯೇಟರ್ ಒಳಗಿನ ಕೂಲರ್ ಒಡೆದು ನೀರು ಸೇರಿದೆ ಅಂತ ಅರ್ಥ. ಆ ಗಾಡಿಯನ್ನು ಸ್ಟಾರ್ಟ್ ಕೂಡ ಮಾಡಬೇಡಿ, ಎಳೆಸಿಕೊಂಡು ಬನ್ನಿ. ಚೇಂಬರ್ ಬೋಲ್ಟ್‌ಗಳಿಗೆ ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ಆಸುಪಾಸು ಸಾಕು. ಶಕ್ತಿ ತೋರಿಸಿದರೆ ಅಲ್ಯುಮಿನಿಯಂ ಥ್ರೆಡ್ ಕಿತ್ತು ಬರುತ್ತದೆ. ಟಾರ್ಕ್ ರೆಂಚ್ ಇಲ್ಲದವರು ಅದನ್ನೂ ಸ್ಕ್ಯಾನರ್ ಜೊತೆ ಕೇಳಿ.

ಕೆಲಸ ಮುಗಿದ ಮೇಲೆ ಸ್ಕ್ಯಾನರ್‌ನಲ್ಲಿ ಹಳೇ ಕಲಿಕೆ ಅಳಿಸಿ ಹೊಸದಾಗಿ ಕಲಿಸುವುದು ಕೆಲವು ಗಾಡಿಗಳಿಗೆ ಬೇಕು, ಕೆಲವಕ್ಕೆ ಬೇಡ. ಹಾಳೆಯಲ್ಲಿ ಇರುತ್ತದೆ. ಅಳಿಸಿದ್ದರೆ ಸ್ವಲ್ಪ ದಿನ ಗೇರ್ ಒರಟಾಗಿ ಬೀಳಬಹುದು. ಆಕ್ಸಿಲರೇಟರ್ ಹಗುರವಾಗಿ ಒತ್ತಿ ಓಡಿಸಿ, ತಾನಾಗಿ ಸರಿಹೋಗುತ್ತದೆ.

ಹೆಚ್ಚುವರಿ ಆಯಿಲ್ ಕೂಲರ್ ಕೇಳುವವರಿಗೆ: ಟ್ರೇಲರ್ ಎಳೆಯುವವರಿಗೆ, ಎಸ್ಟೇಟಿನ ಲೋಡು ಹೊತ್ತು ದಿನಾ ಏರು ಹತ್ತುವವರಿಗೆ ಅದು ನಿಜಕ್ಕೂ ಒಳ್ಳೇ ಖರ್ಚು. ಊರೊಳಗೆ ಓಡಿಸುವವರಿಗೆ ಬೇಡ. ಹೋಸ್ ಕ್ಲಿಪ್ ಒಂದು ಸಡಿಲವಾದರೂ ಆಯಿಲ್ ಎಲ್ಲಾ ರಸ್ತೆ ಪಾಲಾಗುವುದರಿಂದ ಇದನ್ನು ಪಾರ್ಸೆಲ್ ಮಾಡುವುದಿಲ್ಲ, ಇಲ್ಲೇ ಹಾಕಿಕೊಡುತ್ತೇವೆ.

ಹಳೇ ಆಯಿಲನ್ನು ಬೇಲಿ ಕಂಬಕ್ಕೆ ಗೆದ್ದಲು ಹಿಡಿಯದಿರಲಿ ಅಂತ ಬಳಿಯುವ ರೂಢಿ ನಮ್ಮ ಕಡೆ ಇದೆ. ದಯವಿಟ್ಟು ಬೇಡ, ಮಳೆಗಾಲದಲ್ಲಿ ಅದು ನೇರ ಹಳ್ಳಕ್ಕೆ ಹೋಗುತ್ತದೆ. ಹೊಸ ಆಯಿಲ್ ಬಂದ ಕ್ಯಾನಿನಲ್ಲೇ ಹಳೇದನ್ನು ತುಂಬಿ ತಂದುಕೊಡಿ. ಮಾಲಿನ್ಯ ನಿಯಂತ್ರಣ ಮಂಡಳಿಯ ಅನುಮತಿ ಇರುವವರಿಗೆ ನಾವು ಒಪ್ಪಿಸುತ್ತೇವೆ. ಇದಕ್ಕೆ ಚಾರ್ಜ್ ಇಲ್ಲ.

ಇನ್ನು ಲೆಕ್ಕದ ವಿಷಯ. ಮಾರ್ಚ್ 31ರ ಒಳಗೆ ಪಿಕಪ್ ಕಿಟ್‌ಗೆ ದುಡ್ಡು ಕಟ್ಟಿ ಇನ್ನೂ ತೆಗೆದುಕೊಳ್ಳದವರು ಪೂರ್ತಿ ಹಣ ವಾಪಸ್ ಪಡೆಯಬಹುದು, ಅಥವಾ ಆಯಿಲ್ ಕಿಟ್‌ಗೆ ಬದಲಾಯಿಸಿಕೊಳ್ಳಬಹುದು. ಸೀಲ್ ಒಡೆಯದ ಡಬ್ಬಿ ಮನೆಯಲ್ಲಿದ್ದರೆ ಅದನ್ನೂ ತೆಗೆದುಕೊಳ್ಳುತ್ತೇವೆ. ಈಗಾಗಲೇ ಹಾಕಿಸಿ, ಗಾಡಿ ಚೆನ್ನಾಗಿ ಓಡುತ್ತಿದ್ದರೆ ಬಿಚ್ಚಲು ಹೋಗಬೇಡಿ. ಜರ್ಕ್ ಬರುತ್ತಿದ್ದರೆ ಒಂದು ಸಲ ತನ್ನಿ, ಸ್ಕ್ಯಾನ್ ಮಾಡಿ ನೋಡುವುದಕ್ಕೆ ದುಡ್ಡಿಲ್ಲ. ಆಯಿಲ್ ಕಿಟ್‌ಗೆ ಎಲ್ಲರಿಗೂ ಒಂದೇ ರೇಟು ಅಂತ ಇರುವುದಿಲ್ಲ. ಆಯಿಲ್ ಎಷ್ಟು ಲೀಟರ್, ಯಾವುದು ಅನ್ನುವುದರ ಮೇಲೆ ಹೋಗುತ್ತದೆ. ಕ್ಯಾನಿನ ಮೇಲಿನ ಎಂಆರ್‌ಪಿಗಿಂತ ಒಂದು ರೂಪಾಯಿ ಜಾಸ್ತಿ ಹಾಕುವುದಿಲ್ಲ. ನಿಜ ಹೇಳಬೇಕೆಂದರೆ ಇದರಲ್ಲಿ ನಮಗೆ ಉಳಿಯುವುದು ಹಳೇ ಕಿಟ್‌ಗಿಂತ ಕಡಿಮೆ. ಆದರೂ ಗೇರ್‌ಬಾಕ್ಸ್ ಬಿಚ್ಚಿಕೊಂಡು ಬರುವ ಜಗಳಕ್ಕಿಂತ ಇದೇ ವಾಸಿ.

ಸ್ಕ್ಯಾನರ್‌ಗೆ 3,000 ರೂಪಾಯಿ ಡಿಪಾಸಿಟ್, ವಾಪಸ್ ತಂದಾಗ ಬಾಡಿಗೆ ಮುರಿದುಕೊಂಡು ಕೊಡುತ್ತೇವೆ. ಶನಿವಾರ, ಭಾನುವಾರಕ್ಕೆ ಬೇಡಿಕೆ ಜಾಸ್ತಿ ಇರುವುದರಿಂದ ಗುರುವಾರದೊಳಗೆ ತಿಳಿಸಿ. ಬೇಲೂರು, ಅರಸೀಕೆರೆ, ಚಿಕ್ಕಮಗಳೂರು ಕಡೆಯವರಿಗೆ ಕಿಟ್ ಮೊದಲಿನಂತೆ ಕೆಎಸ್‌ಆರ್‌ಟಿಸಿ ಕಾರ್ಗೋದಲ್ಲೇ ಬರುತ್ತದೆ. ಸ್ಕ್ಯಾನರ್ ಮಾತ್ರ ಅಂಗಡಿಗೆ ಬಂದೇ ಒಯ್ಯಬೇಕು. ಆರ್‌ಸಿ ಫೋಟೋ, ಎಷ್ಟು ಕಿ.ಮೀ. ಓಡಿದೆ, ಆಯಿಲ್ ಹಿಂದೆ ಯಾವಾಗಲಾದರೂ ಬದಲಾಗಿದೆಯಾ ಅನ್ನುವ ಮೂರು ವಿವರ ನೀವು ಮಾಮೂಲಿ ಮೆಸೇಜ್ ಮಾಡುವ ನಂಬರಿಗೇ ಕಳಿಸಿ. ಮನೆಯಲ್ಲಿ ಕೆಲಸ ಮಾಡುವ ದಿನ ಏನಾದರೂ ಸಿಕ್ಕಿಹಾಕಿಕೊಂಡರೆ ಸಂಜೆ 7ರವರೆಗೆ ಫೋನ್ ಎತ್ತುತ್ತೇವೆ, ಭಾನುವಾರವೂ.

ಇಂತಿ ನಿಮ್ಮ,
ವರ್ಕ್‌ಶಾಪ್‌ನ ಎಲ್ಲರ ಪರವಾಗಿ
ಹಾಸನ