ಕೋಳಿ ದಪ್ಪ ಆಗೋಕೂ ಅದೇ, ನಾವು ಸಣ್ಣ ಆಗೋಕೂ ಅದೇನಾ?

ಸಂಪಾದಕರಿಗೆ ನಮಸ್ಕಾರ,

ಇತ್ತೀಚೆಗೆ ನಿಮ್ಮ ಆರೋಗ್ಯ ಪುರವಣಿ ತೆಗೆದ್ರೆ ಸಾಕು, ಪ್ರೋಬಯಾಟಿಕ್ (ಅಂದ್ರೆ ಮೈಗೆ ಒಳ್ಳೇದು ಮಾಡೋ ಜೀವಂತ ಬ್ಯಾಕ್ಟೀರಿಯಾ) ತಗೊಳ್ಳಿ ಹೊಟ್ಟೆ ಬೊಜ್ಜು ಕರಗುತ್ತೆ ಅಂತ ಒಂದಲ್ಲ ಒಂದು ಬರಹ, ಪಕ್ಕದಲ್ಲೇ ಕ್ಯಾಪ್ಸೂಲ್ ಜಾಹೀರಾತು. ನಾನು ಕೋಳಿ ಫೀಡ್ ಅಂಗಡಿ ಇಟ್ಕೊಂಡಿರೋನು. ನಮ್ಮಲ್ಲಿ ಪ್ರೋಬಯಾಟಿಕ್ ಪೌಡರ್ ಹೋಗೋದು ಬ್ರಾಯ್ಲರ್ ಮರಿಗೆ, ತಿಂದಿದ್ದು ಮೈಗೆ ಹತ್ಲಿ, ತೂಕ ಬೇಗ ಬರ್ಲಿ ಅಂತ. ಫಾರಂನೋರು ಎಷ್ಟು ಕೆಜಿ ಫೀಡಿಗೆ ಎಷ್ಟು ಕೆಜಿ ತೂಕ ಬರುತ್ತೆ ಅಂತ ಎಫ್‌ಸಿಆರ್ ಲೆಕ್ಕ ಕೇಳ್ದೆ ಒಂದು ಪ್ಯಾಕೆಟ್ಟೂ ಮುಟ್ಟಲ್ಲ. ಅದೇ ಹೆಸರಲ್ಲಿ ಮನುಷ್ಯರಿಗೆ ಸಣ್ಣ ಆಗೋಕೆ ಮಾರ್ತಾರೆ, ಅಲ್ಲಿ ಮಾತ್ರ ಯಾರೂ ಲೆಕ್ಕ ಕೇಳಲ್ಲ.

ಪೂರ್ತಿ ಬೊಗಳೆ ಅಂತ ನಾನು ಹೇಳ್ತಿಲ್ಲ. ಪ್ರೋಬಯಾಟಿಕ್ ಅಂದ್ರೆ ಒಂದೇ ಬ್ಯಾಕ್ಟೀರಿಯಾ ಅಲ್ಲ, ಲ್ಯಾಕ್ಟೋಬ್ಯಾಸಿಲಸ್ ಅನ್ನೋದು ಮನೆತನದ ಹೆಸರಿದ್ದ ಹಾಗೆ, ಒಳಗೆ ನೂರೆಂಟು ಜನ, ಒಬ್ಬೊಬ್ಬರ ಕೆಲಸ ಒಂದೊಂದು. 2010ರಲ್ಲಿ ಜಪಾನಿನೋರು 87 ಜನರ ಮೇಲೆ ಒಂದು ಸ್ಟಡಿ ಮಾಡಿ ಪ್ರಕಟಿಸಿದ್ರು, ಲ್ಯಾಕ್ಟೋಬ್ಯಾಸಿಲಸ್ ಗ್ಯಾಸೆರಿ ಎಸ್‌ಬಿಟಿ 2055 ಅನ್ನೋ ಸ್ಟ್ರೈನ್, ಅಂದ್ರೆ ಆ ಜಾತಿಯೊಳಗಿನ ಒಂದು ತಳಿ, ಹಾಕಿ ಹುದುಗಿಸಿದ ಹಾಲು, ದಿನಕ್ಕೆ 200 ಗ್ರಾಂ, 12 ವಾರ. ಹೊಟ್ಟೆ ಒಳಗಿನ ಕೊಬ್ಬು ಸುಮಾರು 4.6 ಪರ್ಸೆಂಟ್ ಇಳೀತು, ತೂಕ ಇಳಿದಿದ್ದು ಒಂದು ಕೆಜಿ ಚಿಲ್ಲರೆ ಅಷ್ಟೇ. ಆಮೇಲೆ 2013ರಲ್ಲಿ 210 ಜನರ ಮೇಲೆ ಮಾಡಿದ್ದು ಬಂತು, ಅದರಲ್ಲೂ ಕೊಬ್ಬು ಇಳಿದಿತ್ತು, ಆದ್ರೆ ಕುಡಿಯೋದು ನಿಲ್ಲಿಸಿ ನಾಲ್ಕು ವಾರ ಆಗೋಷ್ಟರಲ್ಲಿ ಲಾಭ ಕರಗ್ತಾ ಬಂತು! ಈ ಕೊನೇ ಮಾತು ಯಾವ ಜಾಹೀರಾತಿನಲ್ಲಾದ್ರೂ ನೋಡಿದೀರಾ? ಕೆನಡಾದ ಕ್ವಿಬೆಕ್‌ನಲ್ಲಿ ಲ್ಯಾಕ್ಟೋಬ್ಯಾಸಿಲಸ್ ರ‍್ಯಾಮ್ನೋಸಸ್‌ ಅನ್ನೋ ಇನ್ನೊಂದು ಜಾತಿಯ ಸ್ಟ್ರೈನ್ ಟೆಸ್ಟ್ ಮಾಡಿದ್ರು, ಜೊತೆಗೆ ಊಟ ಕಮ್ಮಿ ಮಾಡ್ಸಿದ್ರು, ಹೆಂಗಸರು ಜಾಸ್ತಿ ತೂಕ ಇಳಿಸಿದ್ರು, ಗಂಡಸರಿಗೆ ಡಮ್ಮಿ ಮಾತ್ರೆಗೂ ಇದಕ್ಕೂ ವ್ಯತ್ಯಾಸಾನೇ ಕಾಣ್ಲಿಲ್ಲ.

ಮೊನ್ನೆ ಮೆಡಿಕಲ್ ಶಾಪಲ್ಲಿ ಒಂದು ಡಬ್ಬಿ ತಿರುಗಿಸಿ ನೋಡ್ದೆ. ಮುಂದೆ ಸೊಂಟಕ್ಕೆ ಟೇಪ್ ಸುತ್ಕೊಂಡ ಹುಡುಗಿ, ಹಿಂದೆ ಸಣ್ಣಕ್ಷರದಲ್ಲಿ ಪ್ರೋಬಯಾಟಿಕ್ ಬ್ಲೆಂಡ್ ಇಷ್ಟು ಬಿಲಿಯನ್ ಅಂತ. ಯಾವ ಜಾತಿ, ಯಾವ ಸ್ಟ್ರೈನ್, ಊಹೂಂ. ದೇಶದ ವೈದ್ಯಕೀಯ ಸಂಶೋಧನಾ ಮಂಡಳಿ ಐಸಿಎಂಆರ್ ಮತ್ತು ಕೇಂದ್ರದ ಬಯೋಟೆಕ್ನಾಲಜಿ ಇಲಾಖೆ 2011ರಲ್ಲೇ ಸೇರಿ ಮಾಡಿದ ಗೈಡ್‌ಲೈನ್ಸ್‌ನಲ್ಲಿ ಸ್ಟ್ರೈನ್ ಹೆಸರು ಲೇಬಲ್ ಮೇಲೆ ಇರ್ಬೇಕು ಅಂತಿದೆ.

ಮನೆ ಮೊಸರು ಸಾಲಲ್ವಾ ಅಂತ ಕೇಳೋರಿದ್ದಾರೆ. ಮೊಸರು ಮಜ್ಜಿಗೆ ಆರಾಮಾಗಿ ತಿನ್ನಿ, ಒಳ್ಳೇದೇ, ಆದ್ರೆ ನಮ್ಮನೆ ಹೆಪ್ಪಿನಲ್ಲಿ ಇರೋ ಬ್ಯಾಕ್ಟೀರಿಯಾನೇ ಬೇರೆ ನಿಮ್ಮನೇದೇ ಬೇರೆ, ಜಪಾನಿನ ಲೆಕ್ಕ ತಂದು ಅದಕ್ಕೆ ಅಂಟಿಸೋಕಾಗಲ್ಲ. ಇನ್ನು ಸ್ಟ್ರಾಬೆರಿ ಫ್ಲೇವರ್ ಯೋಗರ್ಟ್ ಅಂತ ಬರುತ್ತಲ್ಲ, ಅದರ ಸಕ್ಕರೆ ಎಷ್ಟಿದೆ ಅಂತ ಮೊದ್ಲು ಓದ್ಕೊಳ್ಳಿ.

ನನ್ನ ಕೋರಿಕೆ ಇಷ್ಟೇ ಸಾರ್. ಇನ್ಮೇಲೆ ಇಂಥ ಬರಹ ಹಾಕೋವಾಗ ಯಾವ ಸ್ಟ್ರೈನ್, ಎಷ್ಟು ಜನರ ಮೇಲೆ, ಎಷ್ಟು ವಾರ, ಎಷ್ಟು ಇಳೀತು, ನಿಲ್ಲಿಸಿದ ಮೇಲೆ ಏನಾಯ್ತು ಅಂತ ಬರೆಸಿ, ಸ್ಟಡಿಗೆ ದುಡ್ಡು ಹಾಕಿದ್ದು ಯಾರು ಅನ್ನೋದನ್ನೂ ಸೇರಿಸಿ. ಇದು ಯಾವುದೂ ಗೊತ್ತಿಲ್ಲ ಅಂದ್ರೆ ಆ ಜಾಗಕ್ಕೆ ಪದಬಂಧ ಹಾಕಿ, ನಮ್ಮನೇಲಿ ಅದಕ್ಕೇ ಕಿತ್ತಾಟ ಜಾಸ್ತಿ.

— ಒಬ್ಬ ಓದುಗ, ತುಮಕೂರು