ಬೇಸಿಗೆ ಶಿಬಿರದ ಕಲಿಕೆಯ ಕ್ರಮದಲ್ಲಿ ಬದಲಾವಣೆ: ಪೋಷಕರಿಗೆ ಪತ್ರ

ಮಾನ್ಯ ಪೋಷಕರೇ,

ಚನ್ನಪಟ್ಟಣದ ನಮ್ಮ ಕುಶಲಕರ್ಮಿಗಳ ಸಹಕಾರ ಸಂಘವು ಪ್ರತಿ ಬೇಸಿಗೆ ರಜೆಯಲ್ಲಿ ಮಕ್ಕಳಿಗಾಗಿ ನಡೆಸಿಕೊಂಡು ಬಂದಿರುವ ಶಿಬಿರದ ಸ್ವರೂಪವನ್ನು ಈ ವರ್ಷದಿಂದ ಬದಲಾಯಿಸಲು ಸದಸ್ಯರ ಸಭೆಯು ತೀರ್ಮಾನಿಸಿದೆ. ಇದುವರೆಗೆ ಶಿಬಿರವು 5 ದಿನಗಳದ್ದಾಗಿತ್ತು. ಕಡೆದು ಸಿದ್ಧಪಡಿಸಿದ್ದ ಗೊಂಬೆಗಳಿಗೆ ಮಕ್ಕಳು ಕುಂಚದಿಂದ ಬಣ್ಣ ಬಳಿದು, ದಿನಕ್ಕೊಂದರಂತೆ ಮನೆಗೆ ಕೊಂಡೊಯ್ಯುತ್ತಿದ್ದರು. ಇನ್ನು ಮುಂದೆ ಶಿಬಿರವು 10 ದಿನ ನಡೆಯಲಿದ್ದು, ಮಕ್ಕಳು ಮರದ ತುಂಡಿನಿಂದಲೇ ಕೆಲಸ ಆರಂಭಿಸಿ ಕಡೆಯುವುದು, ನಯ ಮಾಡುವುದು, ಅರಗು ಹಚ್ಚುವುದು, ಮೆರುಗು ಕೊಡುವುದು ಎಲ್ಲವನ್ನೂ ತಮ್ಮ ಕೈಯಿಂದಲೇ ಮಾಡುತ್ತಾರೆ. ಇದರಿಂದ ಮಗು ಮನೆಗೆ ತರುವ ವಸ್ತುಗಳು ಕಡಿಮೆಯಾಗುತ್ತವೆ, ಶುಲ್ಕ ಹೆಚ್ಚಾಗುತ್ತದೆ. ಎರಡೂ ನಿಮಗೆ ಸಂಬಂಧಿಸಿದ ಸಂಗತಿಗಳಾದ್ದರಿಂದ ಅವುಗಳ ಹಿಂದಿನ ಕಾರಣವನ್ನು ವಿವರವಾಗಿ ತಿಳಿಸಬೇಕಾದುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಪತ್ರ ಬರೆಯುತ್ತಿದ್ದೇವೆ.

ಹಿಂದಿನ ಶಿಬಿರವನ್ನು ಮಕ್ಕಳು ಇಷ್ಟಪಟ್ಟಿದ್ದಾರೆ, ಅನೇಕರು ಮರಳಿ ಬಂದಿದ್ದಾರೆ. ಹಾಗೆ ಮರಳಿ ಬಂದ ಮಕ್ಕಳೇ ಕೇಳುತ್ತಿದ್ದ ಪ್ರಶ್ನೆಯೊಂದಿದೆ: ಈ ಗೊಂಬೆ ಇಷ್ಟು ದುಂಡಗೆ ಹೇಗಾಯಿತು, ಅಂಗಡಿಯ ಗೊಂಬೆಗಿರುವ ಹೊಳಪು ನಾವು ಬಣ್ಣ ಬಳಿದುದಕ್ಕೆ ಏಕೆ ಬರುವುದಿಲ್ಲ? ಪ್ರಶ್ನೆ ಸರಿಯಾದದ್ದೇ. ಕಣ್ಣು, ಹುಬ್ಬು, ಬಾಯಿಯಂತಹ ಸಣ್ಣ ಗೆರೆಗಳನ್ನು ಬಿಟ್ಟರೆ ಚನ್ನಪಟ್ಟಣದ ಗೊಂಬೆಗೆ ಕುಂಚ ತಾಗುವುದಿಲ್ಲ. ತಿರುಗುತ್ತಿರುವ ಮರಕ್ಕೆ ಬಣ್ಣದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿದಾಗ ಉಜ್ಜಾಟದ ಬಿಸಿಗೆ ಅರಗು ಕರಗಿ ಮರದ ಮೈಗೆ ತೆಳುವಾಗಿ ಹತ್ತಿಕೊಳ್ಳುತ್ತದೆ, ಆಮೇಲೆ ಕೇದಗೆಯ ಒಣ ಗರಿಯಿಂದ ಒತ್ತಿ ಉಜ್ಜಿದಾಗ ಆ ಲೇಪ ಸಮವಾಗಿ ಹರಡಿ ಹೊಳೆಯುತ್ತದೆ. ಇಡೀ ಕಸುಬಿನ ಜೀವಾಳ ಈ ಕೆಲವು ಕ್ಷಣಗಳಲ್ಲಿದೆ. ಚನ್ನಪಟ್ಟಣಕ್ಕೇ ಬಂದ ಮಗು ಅದನ್ನು ತನ್ನ ಕೈಯಲ್ಲಿ ಮಾಡದೆ ಹಿಂದಿರುಗಬಾರದೆಂಬುದು ನಮ್ಮ ಹಿರಿಯ ಮೇಸ್ತ್ರಿಗಳ ಒತ್ತಾಯವಾಗಿತ್ತು, ಸಭೆಯು ಅದನ್ನು ಒಪ್ಪಿಕೊಂಡಿತು.

ಕಡೆಯುವ ಕೆಲಸಕ್ಕೆ ಮಕ್ಕಳ ಕೈಗೆ ವಿದ್ಯುತ್ ಲೇತ್ ಯಂತ್ರವನ್ನು ಕೊಡುವುದಿಲ್ಲ. ವಿದ್ಯುತ್ ಬರುವ ಮುನ್ನ ಇಲ್ಲಿ ಬಳಕೆಯಲ್ಲಿದ್ದ, ಬಿಲ್ಲಿನ ಹುರಿಯಿಂದ ತಿರುಗಿಸುವ ಕೈ ಯಂತ್ರಗಳನ್ನು ಶಿಬಿರಕ್ಕಾಗಿಯೇ ದುರಸ್ತಿ ಮಾಡಿಸಿ ಇಟ್ಟಿದ್ದೇವೆ. ಇದರಲ್ಲಿ ಮರವು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ತಿರುಗುತ್ತದೆ. ಮುಂದಕ್ಕೆ ತಿರುಗುವಾಗ ಮಾತ್ರ ಉಳಿ ತಾಗಿಸಬೇಕು, ಹಿಂದಕ್ಕೆ ತಿರುಗುವಾಗ ಸ್ವಲ್ಪ ಎಳೆದುಕೊಳ್ಳಬೇಕು. ಅನುಭವಿ ಕುಶಲಕರ್ಮಿ ಒಂದು ಕೈಯಲ್ಲಿ ಬಿಲ್ಲನ್ನೂ ಇನ್ನೊಂದರಲ್ಲಿ ಉಳಿಯನ್ನೂ ಹಿಡಿದು ಒಬ್ಬನೇ ಕೆಲಸ ಮಾಡಬಲ್ಲನಾದರೂ, ಶಿಬಿರದಲ್ಲಿ ಇಬ್ಬರು ಮಕ್ಕಳು ಜೊತೆಯಾಗಿ, ಒಬ್ಬರು ಬಿಲ್ಲು ಎಳೆಯುತ್ತ ಮತ್ತೊಬ್ಬರು ಉಳಿ ಹಿಡಿಯುತ್ತ, ಸರದಿ ಬದಲಿಸಿಕೊಂಡು ಕೆಲಸ ಮಾಡುತ್ತಾರೆ. ಇಬ್ಬರ ಲಯ ಕೂಡದಿದ್ದರೆ ಮರ ಕಡೆಯುವುದೇ ಇಲ್ಲ. ಮೊದಲ ದಿನ ಪರಸ್ಪರ ಪರಿಚಯವಿಲ್ಲದ ಮಕ್ಕಳು ಇದರಿಂದಾಗಿ ಬಹಳ ಬೇಗ ಮಾತಿಗೆ ಬೀಳುತ್ತಾರೆಂಬ ಭರವಸೆ ನಮಗಿದೆ. ಬಿಲ್ಲು ಎಳೆಯುವ ಕೈ ನಿಂತೊಡನೆ ಮರವೂ ನಿಲ್ಲುವುದರಿಂದ, ಕಲಿಯುವವರಿಗೆ ಇದಕ್ಕಿಂತ ಸುರಕ್ಷಿತವಾದ ಕಡೆಯುವ ಸಾಧನ ನಮಗೆ ತಿಳಿದಿಲ್ಲ.

ಮರ ಆಲೆ ಮರವೇ. ಬೆಳ್ಳಗಿನ, ಒತ್ತಾದ ಎಳೆಯ, ಉಳಿಗೆ ಸುಲಭವಾಗಿ ಒಗ್ಗುವ ಈ ಮರವನ್ನು ಕಡಿದ ಕೂಡಲೇ ಬಳಸಲಾಗದು. ತೇವ ಉಳಿದಿದ್ದರೆ ಕಡೆದ ಮೇಲೆ ಬಿರುಕು ಬಿಡುತ್ತದೆ. ಹಾಗಾಗಿ ತಿಂಗಳುಗಟ್ಟಲೆ ನೆರಳಿನಲ್ಲಿ ಒಣಗಿದ ತುಂಡುಗಳನ್ನೇ ಮಕ್ಕಳಿಗೆ ಕೊಡುತ್ತೇವೆ. ಹಸಿ ತುಂಡನ್ನೂ ಒಣ ತುಂಡನ್ನೂ ಎರಡು ಕೈಗಳಲ್ಲಿ ಹಿಡಿದು ತೂಗಿ ನೋಡುವುದು ಶಿಬಿರದ ಮೊದಲ ಪಾಠ.

ಎಲ್ಲ ಮಕ್ಕಳೂ ಮೊದಲು ಮಾಡುವ ವಸ್ತು ಬೆರಳಿನಿಂದ ತಿರುಗಿಸುವ ಸಣ್ಣ ಬುಗುರಿ. ಆನೆ, ರೈಲು, ಗಿಲಕಿಗಳನ್ನು ಬಿಟ್ಟು ಬುಗುರಿಯನ್ನೇ ಆರಿಸಿಕೊಂಡುದಕ್ಕೆ ಕಾರಣವಿದೆ. ಬೇರೆ ಗೊಂಬೆ ಚೆನ್ನಾಗಿದೆಯೋ ಇಲ್ಲವೋ ಎಂಬುದನ್ನು ದೊಡ್ಡವರು ಹೇಳಬೇಕಾಗುತ್ತದೆ, ದೊಡ್ಡವರು ಸಾಮಾನ್ಯವಾಗಿ ಮಗುವಿನ ಮನಸ್ಸು ನೋಯದಿರಲೆಂದು ಚೆನ್ನಾಗಿದೆ ಎಂದೇ ಹೇಳುತ್ತಾರೆ. ಬುಗುರಿಯ ವಿಷಯದಲ್ಲಿ ಯಾರೂ ಏನೂ ಹೇಳಬೇಕಾಗಿಲ್ಲ. ಮರದಿಂದ ಬೇರ್ಪಡಿಸುವಾಗ ಮೊನೆ ನಡುವಿನಿಂದ ಕೊಂಚ ಸರಿದಿದ್ದರೆ ಅದು ಓಲಾಡುತ್ತದೆ. ಹೊಟ್ಟೆಯ ಭಾಗ ನೆಲದಿಂದ ತೀರ ಎತ್ತರದಲ್ಲಿದ್ದರೆ ಬೇಗ ಉರುಳುತ್ತದೆ. ಹಿಡಿಕೆ ದಪ್ಪವಾಗಿದ್ದರೆ ಬೆರಳಿಗೆ ವೇಗ ಸಿಗುವುದಿಲ್ಲ. ಎಲ್ಲಿ ಏನು ತಿದ್ದಬೇಕೆಂಬುದು ಮಗುವಿಗೆ ತಾನಾಗಿಯೇ ಕಾಣುತ್ತದೆ, ಮರದ ಇನ್ನೊಂದು ತುಂಡು ಪಕ್ಕದಲ್ಲೇ ಇರುತ್ತದೆ. ಮೊದಲ ಕೆಲವು ಬುಗುರಿಗಳಿಗೆ ಅರಗು ಹಚ್ಚುವುದಿಲ್ಲ. ತನ್ನ ಬುಗುರಿ ನೆಟ್ಟಗೆ ನಿಂತು ತಿರುಗಿತೆಂದು ಮಗುವಿಗೆ ಸಮಾಧಾನವಾದ ನಂತರ ಮಾಡುವ ಬುಗುರಿಗೆ, ಯಂತ್ರದ ಮೇಲಿರುವಾಗಲೇ ಉಪ್ಪುಕಾಗದದಿಂದ ನಯ ಮಾಡಿ ಬಣ್ಣ ಕೊಡಲಾಗುತ್ತದೆ. ಈ ಹಂತಕ್ಕೆ ಒಂದು ಮಗು ಮೂರನೆಯ ದಿನ, ಇನ್ನೊಂದು ಆರನೆಯ ದಿನ ತಲುಪಬಹುದು. ಅವಸರಪಡಿಸದಿರಲೆಂದೇ ದಿನಗಳನ್ನು ಹೆಚ್ಚಿಸಿದ್ದೇವೆ. ಸಂಜೆ ಕರೆದೊಯ್ಯಲು ಬಂದಾಗ ಇವತ್ತೇನು ಮಾಡಿದೆ ಎಂದು ಕೇಳಿ, ಮಗು ಬರಿಗೈಯಲ್ಲಿದ್ದರೆ ದಯವಿಟ್ಟು ಬೇಸರಪಡಬೇಡಿ.

ಬಣ್ಣಗಳ ಬಗ್ಗೆಯೂ ಹೇಳಬೇಕು. ಮುತ್ತುಗದಂತಹ ಮರಗಳ ರೆಂಬೆಗಳ ಮೇಲೆ ಸಣ್ಣ ಕೀಟಗಳು ಸ್ರವಿಸುವ ಅಂಟೇ ಅರಗು. ಅದನ್ನು ಕೆಂಡದ ಮೇಲೆ ಮೆದುಗೊಳಿಸಿ, ಬಣ್ಣ ಸೇರಿಸಿ, ಚಪಾತಿ ಹಿಟ್ಟಿನಂತೆ ನಾದಿ ಎಳೆದು ಕಡ್ಡಿ ಮಾಡುತ್ತಾರೆ. ಕೆಂಡದ ಮುಂದಿನ ಈ ಕೆಲಸವನ್ನು ಮೇಸ್ತ್ರಿಗಳು ಮಾತ್ರ ಮಾಡುತ್ತಾರೆ, ಮಕ್ಕಳು ದೂರದಲ್ಲಿ ಕುಳಿತು ನೋಡುತ್ತಾರೆ. ಶಿಬಿರದಲ್ಲಿ ಅರಿಸಿನದ ಹಳದಿ, ನೀಲಿಯ ಗಿಡದಿಂದ ಬರುವ ನೀಲಿ, ಕಾಚಿನ ಕಂದು, ಇಂತಹ ಸಸ್ಯಮೂಲದ ಬಣ್ಣಗಳನ್ನೇ ಬಳಸಲಾಗುವುದು. ಹಳದಿಗೆ ನೀಲಿ ಬೆರೆತು ಹಸಿರಾಗುವುದನ್ನು ಮಕ್ಕಳು ಅಲ್ಲಿಯೇ ಕಾಣುತ್ತಾರೆ. ಅರಿಸಿನದ ಬಣ್ಣ ಬಿಸಿಲಿಗೆ ಮಸುಕಾಗುವುದರಿಂದ ಮನೆಯಲ್ಲಿ ಬುಗುರಿಯನ್ನು ಕಿಟಕಿಯ ಬಿಸಿಲಿನಲ್ಲಿ ಇಡದಿರುವುದು ಒಳ್ಳೆಯದು. ತಿರುಗುವ ಬುಗುರಿಗೆ ಅರಗಿನ ಕಡ್ಡಿ ಒತ್ತುವ ಕೆಲಸ ಮಕ್ಕಳದೇ. ಅರಗು ಕರಗುವಷ್ಟು ವೇಗ ಬೇಕಾಗುವುದರಿಂದ ಆ ಹೊತ್ತಿನಲ್ಲಿ ಬಿಲ್ಲು ಎಳೆಯುವವರು ಮಾತ್ರ ಮೇಸ್ತ್ರಿಗಳು.

ಇಷ್ಟೆಲ್ಲ ನಡೆಯಬೇಕಾದರೆ ನಾಲ್ಕು ಮಕ್ಕಳಿಗೆ ಒಬ್ಬರಂತೆ ಕಲಿಸುವವರು ಇರಲೇಬೇಕು. ಆದ್ದರಿಂದ ಒಂದು ತಂಡಕ್ಕೆ 12 ಮಕ್ಕಳನ್ನು ಮಾತ್ರ ಸೇರಿಸಿಕೊಳ್ಳುತ್ತೇವೆ, ವಯಸ್ಸು 10ರಿಂದ 14 ವರ್ಷ. ಕಲಿಸಲು ಬರುವ ಮೇಸ್ತ್ರಿಗಳು ಮತ್ತು ನಮ್ಮ ಮಹಿಳಾ ಕುಶಲಕರ್ಮಿಗಳು ಆ ದಿನಗಳಲ್ಲಿ ತಮ್ಮ ಸ್ವಂತ ಕೆಲಸವನ್ನು ಬಿಟ್ಟು ಬರುತ್ತಾರೆ. ಹಾಗೆ ಬಿಟ್ಟ ದಿನದ ಗಳಿಕೆಗಿಂತ ಕಡಿಮೆ ಗೌರವಧನವನ್ನು ಅವರಿಗೆ ಕೊಡುವುದು ನ್ಯಾಯವಲ್ಲವೆಂಬುದು ಸಂಘದ ನಿಲುವು. ಶುಲ್ಕ ಹೆಚ್ಚಾಗಲು ಮುಖ್ಯ ಕಾರಣ ಇದೇ, ಉಳಿದದ್ದು ಮರ, ಅರಗು ಮತ್ತು ಮಧ್ಯಾಹ್ನದ ಊಟದ ವೆಚ್ಚ. ಪ್ರತಿ ತಂಡದಲ್ಲಿ ಕೆಲವು ಸ್ಥಳಗಳನ್ನು ಊರಿನ ಕುಶಲಕರ್ಮಿಗಳ ಮಕ್ಕಳಿಗೆ ಶುಲ್ಕವಿಲ್ಲದೆ ಮೀಸಲಿಟ್ಟಿದ್ದೇವೆ. ತಂದೆ ತಾಯಿಯ ಕಸುಬನ್ನು ಬೆಂಗಳೂರು, ಮೈಸೂರಿನಿಂದ ಮಕ್ಕಳು ಬಂದು ಆಸ್ಥೆಯಿಂದ ಕಲಿಯುವುದನ್ನು ಅವರೂ ನೋಡಬೇಕೆಂಬುದು ನಮ್ಮ ಆಸೆ. ಮಕ್ಕಳು ಶಿಬಿರದಲ್ಲಿ ತಯಾರಿಸಿದ ಯಾವ ವಸ್ತುವನ್ನೂ ಸಂಘ ಮಾರುವುದಿಲ್ಲ, ಮಳಿಗೆಯಲ್ಲಿ ಪ್ರದರ್ಶನಕ್ಕೂ ಇಡುವುದಿಲ್ಲ.

ಕಲಿಸುವವರು ಮಾತನಾಡುವುದು ಕನ್ನಡ ಮತ್ತು ಉರ್ದು. ಮಗುವಿಗೆ ಈ ಎರಡೂ ತಿಳಿಯದಿದ್ದರೆ ಮುಂಚಿತವಾಗಿ ತಿಳಿಸಿ, ಸೂಚನೆಗಳನ್ನು ಅರ್ಥ ಮಾಡಿಸಲು ಒಬ್ಬರನ್ನು ಗೊತ್ತುಪಡಿಸುತ್ತೇವೆ. ಉಳಿ ಹಿಡಿಯುವ ಸ್ಥಳದಲ್ಲಿ ಮಾತು ಅರ್ಥವಾಗದೆ ಉಳಿಯಬಾರದು.

ಹಳೆಯ ಕ್ರಮವೇ ಇರುವುದೆಂದು ನಂಬಿ ಈಗಾಗಲೇ ಹೆಸರು ನೋಂದಾಯಿಸಿ ಹಣ ಕಟ್ಟಿದವರಿಗೆ ಎರಡು ದಾರಿಗಳಿವೆ. ಹೊಸ ಶಿಬಿರಕ್ಕೆ ಮಗುವನ್ನು ಕಳುಹಿಸುವುದಾದರೆ ಈ ವರ್ಷದ ಮಟ್ಟಿಗೆ ಹೆಚ್ಚಿನ ಶುಲ್ಕ ಕೊಡಬೇಕಾಗಿಲ್ಲ; ಬೇಡವೆಂದಾದರೆ ಕಟ್ಟಿದ ಹಣವನ್ನು ಪೂರ್ತಿಯಾಗಿ ಹಿಂದಿರುಗಿಸುತ್ತೇವೆ. 10 ವರ್ಷಕ್ಕಿಂತ ಚಿಕ್ಕ ಮಕ್ಕಳ ಹೆಸರು ಕೊಟ್ಟವರಿಗೂ ಹಣ ಹಿಂದಿರುಗುತ್ತದೆ, ಅವರ ಹೆಸರನ್ನು ಮುಂದಿನ ವರ್ಷಗಳ ಪಟ್ಟಿಯಲ್ಲಿ ಮೊದಲು ಇರಿಸಿಕೊಳ್ಳುತ್ತೇವೆ.

ನಿರ್ಧರಿಸುವ ಮುನ್ನ ಕಾರ್ಯಾಗಾರವನ್ನು ನೋಡಬಯಸುವವರು ಕೆಲಸದ ಯಾವುದೇ ದಿನ ಬರಬಹುದು. ಕೈ ಯಂತ್ರದ ಮುಂದೆ ಕುಳಿತು ನೀವೂ ಒಮ್ಮೆ ಬಿಲ್ಲು ಎಳೆದು ನೋಡಿ. ಶಿಬಿರಕ್ಕೆ ಬರುವ ಮಕ್ಕಳಿಗೆ ಮೈಗೆ ಅಂಟುವ, ಗಿಡ್ಡ ತೋಳಿನ ಹತ್ತಿಯ ಬಟ್ಟೆ ಹಾಕಿಸಿ, ಉದ್ದ ಕೂದಲಿದ್ದರೆ ಬಿಗಿಯಾಗಿ ಕಟ್ಟಿ, ಬಳೆ, ಸರ, ದುಪಟ್ಟಾಗಳನ್ನು ಮನೆಯಲ್ಲೇ ಬಿಟ್ಟು ಕಳುಹಿಸಬೇಕಾಗಿ ವಿನಂತಿ. ಮರದ ಪುಡಿಗೆ ಉಸಿರಾಟದ ತೊಂದರೆಯಾಗುವ ಮಕ್ಕಳಿದ್ದರೆ ಅರ್ಜಿಯಲ್ಲಿ ತಪ್ಪದೆ ನಮೂದಿಸಿ.

ಇಂತಿ ತಮ್ಮ ವಿಶ್ವಾಸಿ,
ಕಾರ್ಯದರ್ಶಿ,
ಸಂಘದ ಆಡಳಿತ ಮಂಡಳಿಯ ಪರವಾಗಿ